ವಿರೋಧಾಭಾಸ ಅಂತ ಬರೆಯುವ ಮುಂಚೆ

ಬೆಳಗಾವಿಯಲ್ಲಿ ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೆಲಸ ಮಾಡುತ್ತೇನೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆಗೆ ಮಹಾಪೂರ ಬಂದ ಮೇಲೆ ಬಿದ್ದ ಮನೆಗಳ ಲೆಕ್ಕದ ಸುದ್ದಿ ನನ್ನ ಕೈಗೆ ಬಂತು. ಒಂದೇ ತಾಲ್ಲೂಕು, ಎರಡು ಕಚೇರಿ, ಎರಡು ಅಂಕಿ. 'ಮನೆ ಹಾನಿ ಲೆಕ್ಕದಲ್ಲಿ ವಿರೋಧಾಭಾಸ' ಅಂತ ಹೆಡ್ಡಿಂಗ್ ಕೊಟ್ಟು ಪುಟಕ್ಕೆ ಕಳಿಸಿಬಿಟ್ಟೆ.

ನಮ್ಮ ಹಿರಿಯ ಉಪಸಂಪಾದಕರು ಪ್ರೂಫ್ ಹಿಡಿದುಕೊಂಡೇ ಬಂದರು. "ತಮ್ಮಾ, ಇದು ವಿರೋಧನೋ, ವಿರೋಧಾಭಾಸನೋ? ಕೇಳಿ ನೋಡಿಯೇನು?" ಎರಡೂ ಒಂದೇ ಅಲ್ವಾ ಸರ್, ಅಂದೆ.

ಒಂದೇ ಅಲ್ಲ. ಮಾತಿನಲ್ಲಿ ನಾವು 'ಆಭಾಸ ಆಯ್ತು' ಅಂದರೆ ಮುಜುಗರ ಆಯ್ತು, ಎಡವಟ್ಟಾಯ್ತು ಅಂತ. ಅದನ್ನೇ ಹಿಡಿದುಕೊಂಡು, ವಿರೋಧ ಸ್ವಲ್ಪ ಜಾಸ್ತಿ ಇದ್ದರೆ ವಿರೋಧಾಭಾಸ ಅನ್ನುತ್ತಾರೆ ಅಂದುಕೊಂಡಿದ್ದೆ. ಆದರೆ ಈ ಪದದಲ್ಲಿ ಆಭಾಸ ಅಂದರೆ ಹಾಗೆ ತೋರುವುದು, ಅಷ್ಟೇ. ಮೇಲ್ನೋಟಕ್ಕೆ ಎರಡು ಮಾತು ಕೂಡುವುದಿಲ್ಲ, ಒಳಗೆ ಹೊಕ್ಕರೆ ಎರಡೂ ನಿಜ. ಅಲಂಕಾರದ ಪಾಠದಲ್ಲಿ ಓದಿದ್ದು ಇದೇ ಪದವನ್ನು.

"ಚಿಕ್ಕೋಡಿ ಕಡೆ ಹನಿ ಮಳಿ ಇರೂದಿಲ್ಲ, ಹೊಳಿ ಮಾತ್ರ ತುಂಬಿ ಬರತೈತಿ, ಅದು ವಿರೋಧಾಭಾಸ" ಅಂದರು. ನಮ್ಮ ಭಾಗದವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಮಳೆ ಬೀಳುವುದು ಮಹಾರಾಷ್ಟ್ರದ ಘಟ್ಟದಲ್ಲಿ, ಮಹಾಬಳೇಶ್ವರದ ಸುತ್ತ ಸುರಿದದ್ದು, ಕೊಯ್ನಾ ಅಣೆಕಟ್ಟಿನಿಂದ ಬಿಟ್ಟದ್ದು ಎಲ್ಲ ಸೇರಿ ಇಲ್ಲಿಗೆ ಬರುವಾಗ ಕಲ್ಲೋಳ–ಯಡೂರ ಸೇತುವೆ ಮುಳುಗಿರುತ್ತದೆ, ಅಥಣಿ ಕಡೆಯ ಒಣ ಹೊಲದಲ್ಲಿ ರೈತ ಇನ್ನೂ ಮೋಡ ನೋಡುತ್ತಿರುತ್ತಾನೆ. ಕಾರಣ ಗೊತ್ತಾದರೆ ಗೊಂದಲ ಮುಗಿಯಿತು.

ಅಂದರೆ ಈ ಪದ ಬರೆದವನು 'ಇದಕ್ಕೆ ಉತ್ತರ ಇದೆ' ಅಂತ ಹೇಳಿದ ಹಾಗೆ. ನಾನು ಸುಮ್ನೆ ಬರೆದಿದ್ದೆ, ಉತ್ತರ ಕೇಳಿರಲೇ ಇಲ್ಲ.

ಎರಡೂ ಕಚೇರಿಗೆ ಫೋನ್ ಮಾಡಿದೆ. ಒಬ್ಬರು ಪೂರ್ತಿ ಬಿದ್ದ ಮನೆಗಳನ್ನಷ್ಟೇ ಎಣಿಸಿದ್ದರು, ಇನ್ನೊಬ್ಬರು ಗೋಡೆ ಕುಸಿದವನ್ನೂ ಸೇರಿಸಿದ್ದರು. ಎರಡೂ ಸರಿ. ಆದರೆ ಒಂದು ಹಳ್ಳಿಯ ಲೆಕ್ಕ ಹಾಗೆ ನೋಡಿದರೂ ತಾಳೆ ಆಗಲಿಲ್ಲ. ವರದಿಗಾರರು ಮರುದಿನ ಹೋಗಿ ಕೇಳಿದಾಗ ಗೊತ್ತಾಯಿತು, ಒಂದು ಓಣಿಯೇ ಪಟ್ಟಿಯಿಂದ ಬಿಟ್ಟುಹೋಗಿತ್ತು. ಅಲ್ಲಿನ ಜನ ಪರಿಹಾರಕ್ಕೆ ಕಾಯುತ್ತ ಕೂತಿದ್ದರು.

ಆ ಓಣಿಯದ್ದು ಬೇರೆ ಸುದ್ದಿ ಮಾಡಿದೆವು. ಅದರ ಹೆಡ್ಡಿಂಗ್‌ನಲ್ಲಿ 'ತಪ್ಪು' ಅಂತಲೇ ಬರೆದೆ.