ಜೋಡಿ ಮುರಿದರೆ ಬೆಲ್ಟ್ ಯಾರದು? ವರ್ಲ್ಡ್ ಟ್ಯಾಗ್ ಟೀಮ್ ಪಟ್ಟದ 39 ವರ್ಷ

ಡೆಮಾಲಿಷನ್, ಹಾರ್ಟ್ ಫೌಂಡೇಶನ್, ಲೀಜನ್ ಆಫ್ ಡೂಮ್, ಹಾರ್ಡಿ ಬಾಯ್ಸ್, ಡಡ್ಲಿ ಬಾಯ್ಸ್. ಡಬ್ಲ್ಯುಡಬ್ಲ್ಯುಇ ಕುಸ್ತಿಪಟುಗಳ ಟ್ರಂಪ್ ಕಾರ್ಡ್ ಆಡಿ ಬೆಳೆದವರಿಗೆ ಈ ಹೆಸರುಗಳನ್ನು ಹೇಳಿಕೊಡಬೇಕಾಗಿಲ್ಲ. ಇವರೆಲ್ಲ ಸೊಂಟಕ್ಕೆ ಕಟ್ಟಿಕೊಂಡ ಜೋಡಿ ಪಟ್ಟ ಒಂದೇ, ವರ್ಲ್ಡ್ ಟ್ಯಾಗ್ ಟೀಮ್ ಪಟ್ಟ. ಅದು 1971ರ ಜೂನ್‌ನಲ್ಲಿ ಡಬ್ಲ್ಯುಡಬ್ಲ್ಯುಡಬ್ಲ್ಯುಎಫ್ ಕಾಲದಲ್ಲಿ ಹುಟ್ಟಿತು, ಅದೇ ಕಂಪನಿಯ ಮುಂದಿನ ಹೆಸರುಗಳಾದ ಡಬ್ಲ್ಯುಡಬ್ಲ್ಯುಎಫ್ ಮತ್ತು ಡಬ್ಲ್ಯುಡಬ್ಲ್ಯುಇ ಎರಡನ್ನೂ ಕಂಡಿತು, 2010ರ ಆಗಸ್ಟ್ 16ರಂದು ರದ್ದಾಯಿತು. ಈಗ ಕಂಪನಿಯ ಟಿವಿ ಕಾರ್ಯಕ್ರಮಗಳಾದ ರಾ ಮತ್ತು ಸ್ಮ್ಯಾಕ್‌ಡೌನ್‌ನಲ್ಲಿ ಕಾಣುವ ಜೋಡಿ ಪಟ್ಟಗಳು ಬೇರೆಯವು. ಒಂದು 2002ರದು, ಇನ್ನೊಂದು 2016ರದು.

ಈ ಪಟ್ಟದ ಚಾಂಪಿಯನ್ನರ ಪಟ್ಟಿಯನ್ನು ಗೆದ್ದವರ ಸಾಲಾಗಿ ಓದಿದರೆ ಅರ್ಧ ಮಾತ್ರ ಸಿಗುತ್ತದೆ. ಮಧ್ಯೆ ಮಧ್ಯೆ ಬರುವ ‘ತೆರವು’, ‘ಬದಲಿ ಆಟಗಾರ’, ‘ಮಾನ್ಯವಲ್ಲ’ ಎಂಬ ಸಾಲುಗಳನ್ನು ನಿಲ್ಲಿಸಿ ಓದಬೇಕು. ಒಬ್ಬನೇ ಹಿಡಿಯುವ ಪಟ್ಟದಲ್ಲಿ ಚಾಂಪಿಯನ್‌ಗೆ ಪೆಟ್ಟಾದರೆ ಪ್ರಶ್ನೆ ಸರಳ. ಇಬ್ಬರ ಪಟ್ಟದಲ್ಲಿ ಒಬ್ಬ ಬಿದ್ದರೆ ಉಳಿದವನನ್ನು ಏನು ಮಾಡುವುದು? ಕಂಪನಿ 39 ವರ್ಷವೂ ಈ ಪ್ರಶ್ನೆಗೆ ಒಂದೊಂದು ಸಲ ಒಂದೊಂದು ಉತ್ತರ ಕೊಟ್ಟಿತು.

ಮೊದಲು ನಿಯಮ. ಟ್ಯಾಗ್ ಪಂದ್ಯದಲ್ಲಿ ಒಂದು ಕಡೆಯಿಂದ ಒಬ್ಬನೇ ರಿಂಗ್ ಒಳಗೆ ಆಡಬೇಕು. ಜೊತೆಗಾರ ಹಗ್ಗದ ಹೊರಗೆ, ಮೂಲೆಯ ಕಂಬಕ್ಕೆ ಕಟ್ಟಿದ ಮೊಳದಷ್ಟು ಉದ್ದದ ದಾರ ಹಿಡಿದು ನಿಂತಿರಬೇಕು. ಅವನ ಕೈ ಮುಟ್ಟಿದ ಮೇಲೆ ಒಳಗಿದ್ದವನು ಐದು ಎಣಿಸುವುದರೊಳಗೆ ಹೊರಗೆ ಹೋಗಬೇಕು. ಒಬ್ಬನ ಭುಜ ನೆಲಕ್ಕೆ ತಾಗಿ ರೆಫರಿ ಮೂರು ಎಣಿಸಿದರೆ (ಇದೇ ಪಿನ್) ಇಬ್ಬರೂ ಸೋತಂತೆ. ಆದರೆ ನಿಯಮ ಮುರಿದು ಡಿಸ್‌ಕ್ವಾಲಿಫಿಕೇಷನ್ ಆದರೆ, ಅಥವಾ ಹೊರಗೇ ಉಳಿದು ಹತ್ತು ಎಣಿಸಿಕೊಂಡರೆ, ಪಂದ್ಯ ಕೈತಪ್ಪಿದರೂ ಪಟ್ಟ ಚಾಂಪಿಯನ್ನರ ಬಳಿಯೇ ಉಳಿಯುತ್ತದೆ. ಗೆಲ್ಲುವವರು ಯಾರೆಂದು ಮೊದಲೇ ತೀರ್ಮಾನವಾಗಿರುತ್ತದೆ, ಅದು ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ಮುರಿದ ಬೆನ್ನು, ಗಡಿಯಲ್ಲಿ ತಡೆದು ನಿಲ್ಲಿಸಿದ ಆಟಗಾರ, ಕಿತ್ತುಬಂದ ಹಗ್ಗ ಇವು ಯಾರ ತೀರ್ಮಾನದಲ್ಲೂ ಇರುವುದಿಲ್ಲ. ಈ ಪಟ್ಟದ ಜೀವ ಇರುವುದೇ ಅಲ್ಲಿ.

ಮೊದಲ ಚಾಂಪಿಯನ್ನರು ಲ್ಯೂಕ್ ಗ್ರಹಾಂ ಮತ್ತು ಟಾರ್ಜನ್ ಟೈಲರ್. ನ್ಯೂ ಆರ್ಲಿಯನ್ಸ್‌ನ ಟೂರ್ನಮೆಂಟ್‌ನಲ್ಲಿ ಗೆದ್ದರು ಎಂದು ಘೋಷಿಸಲಾಯಿತು. ಅಂಥ ಟೂರ್ನಮೆಂಟ್ ನಿಜಕ್ಕೂ ನಡೆದದ್ದಲ್ಲ. ಹೊಸ ಪಟ್ಟವನ್ನು ದೂರದ ಊರಿನ ಗೆಲುವಿನ ಕಥೆ ಕಟ್ಟಿ ಶುರುಮಾಡುವುದು ಆ ಕಾಲದ ವಾಡಿಕೆ. ಅದೇ ವರ್ಷ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಕಾರ್ಲ್ ಗಾಚ್ ಮತ್ತು ರೆನೆ ಗೂಲೆ ಅದನ್ನು ಗೆದ್ದರು. 70ರ ದಶಕದ ಮುಖ್ಯ ಜೋಡಿಗಳೆಂದರೆ ಮಿಸ್ಟರ್ ಫ್ಯೂಜಿ ಮತ್ತು ಪ್ರೊಫೆಸರ್ ತನಾಕ, ಆಮೇಲೆ ಜಿಮ್ಮಿ ಮತ್ತು ಜಾನಿ ವ್ಯಾಲಿಯಂಟ್. ವ್ಯಾಲಿಯಂಟ್ ಸಹೋದರರು 1974ರ ಮೇ 8ರಿಂದ 1975ರ ಮೇ 13ರವರೆಗೆ 370 ದಿನ ಪಟ್ಟ ಬಿಟ್ಟುಕೊಡಲಿಲ್ಲ.

ತೊಡಕು ಶುರುವಾದದ್ದು 1976ರಲ್ಲಿ. ಎಕ್ಸಿಕ್ಯೂಷನರ್ಸ್ ಎಂಬ ಮುಸುಕುಧಾರಿ ಜೋಡಿಯಲ್ಲಿದ್ದವರು ಕಿಲ್ಲರ್ ಕೊವಾಲ್ಸ್ಕಿ ಮತ್ತು ಬಿಗ್ ಜಾನ್ ಸ್ಟಡ್. ಅವರ ನಡುವೆ ಅದೇ ಮುಸುಕಿನ ಮೂರನೆಯವನೊಬ್ಬ, ನಿಕೊಲಾಯ್ ವೋಲ್ಕಾಫ್, ನುಸುಳಿ ಆಡಿದ. ಮೂವರು ಸೇರಿ ಇಬ್ಬರ ಪಟ್ಟ ಕಾಯುವುದು ತಪ್ಪು ಎಂದು ಅಕ್ಟೋಬರ್‌ನಲ್ಲಿ ಪಟ್ಟ ಕಿತ್ತುಕೊಂಡರು. ಈ ತೀರ್ಪನ್ನು ನೆನಪಿಡಿ. ಸರಿಯಾಗಿ 30 ವರ್ಷದ ನಂತರ, 2006ರಲ್ಲಿ, ಸ್ಪಿರಿಟ್ ಸ್ಕ್ವಾಡ್‌ನ ಐದು ಜನರನ್ನೂ ಅದೇ ಪಟ್ಟದ ಚಾಂಪಿಯನ್ನರೆಂದು ಒಪ್ಪಿಕೊಂಡರು. ಐವರಲ್ಲಿ ಯಾವ ಇಬ್ಬರು ಬೇಕಾದರೂ ರಿಂಗಿಗೆ ಇಳಿಯಬಹುದಿತ್ತು.

1977ರಲ್ಲಿ ಚೀಫ್ ಜೇ ಸ್ಟ್ರಾಂಗ್‌ಬೋ ಜೊತೆಗಾರ ಬಿಲ್ಲಿ ವೈಟ್ ವುಲ್ಫ್‌ನ ಕುತ್ತಿಗೆಯನ್ನು ಕೆನ್ ಪಟೇರಾ ತಿರುಗಿಸಿ ಹಾಳುಮಾಡಿದ ಎಂಬ ಕಥೆಯ ಮೇಲೆ ಪಟ್ಟ ತೆರವಾಯಿತು. 1980ರ ಆಗಸ್ಟ್ 9ರಂದು ನ್ಯೂಯಾರ್ಕ್‌ನ ಶೇ ಸ್ಟೇಡಿಯಂನಲ್ಲಿ ಬಾಬ್ ಬ್ಯಾಕ್‌ಲಂಡ್ ಮತ್ತು ಪೆಡ್ರೊ ಮೊರಾಲೆಸ್ ಚಾಂಪಿಯನ್ ಜೋಡಿ ವೈಲ್ಡ್ ಸಮೋವನ್ಸ್‌ರನ್ನು ಸೋಲಿಸಿದರು. ಆದರೆ ಬ್ಯಾಕ್‌ಲಂಡ್ ಆಗಲೇ ಕಂಪನಿಯ ಮುಖ್ಯ ಚಾಂಪಿಯನ್. ಒಬ್ಬನಿಗೆ ಎರಡು ಪಟ್ಟ ಸಲ್ಲದು ಎಂದು ಜೋಡಿ ಪಟ್ಟ ಬಿಡಿಸಿದರು. ಟೂರ್ನಮೆಂಟ್ ನಡೆಸಿದಾಗ ಗೆದ್ದವರು ಮತ್ತೆ ಸಮೋವನ್ಸ್. ಈ ನಿಯಮವೂ ನಿಲ್ಲಲಿಲ್ಲ. 2007ರ ಜನವರಿ 29ರಂದು ಡಬ್ಲ್ಯುಡಬ್ಲ್ಯುಇ ಚಾಂಪಿಯನ್ ಆಗಿದ್ದ ಜಾನ್ ಸೀನ, ಶಾನ್ ಮೈಕೇಲ್ಸ್ ಜೊತೆ ಇದೇ ಪಟ್ಟ ಗೆದ್ದ. ಎರಡನ್ನೂ ಇಟ್ಟುಕೊಂಡು ಕಂಪನಿಯ ವರ್ಷದ ದೊಡ್ಡ ಪ್ರದರ್ಶನವಾದ ರೆಸಲ್‌ಮೇನಿಯಾ 23ಕ್ಕೆ ಹೋದ. ಅಲ್ಲಿ ಅವನ ಎದುರಾಳಿ ತನ್ನದೇ ಜೋಡಿಯ ಮೈಕೇಲ್ಸ್.

1981ರಲ್ಲಿ ಮೂನ್‌ಡಾಗ್ಸ್ ಜೋಡಿಯ ಮೂನ್‌ಡಾಗ್ ಕಿಂಗ್ ಕೆನಡಾದವನು. ಗಡಿ ದಾಟಿ ಹೋದವನಿಗೆ ಮತ್ತೆ ಅಮೆರಿಕದೊಳಗೆ ಬರಲಾಗಲಿಲ್ಲ. ಇಲ್ಲಿ ಕಂಪನಿ ಪಟ್ಟ ತೆರವು ಮಾಡಲಿಲ್ಲ, ಅವನ ಜಾಗಕ್ಕೆ ಮೂನ್‌ಡಾಗ್ ಸ್ಪಾಟ್ ಎಂಬವನನ್ನು ತಂದು ಅದೇ ಪಟ್ಟ ಮುಂದುವರಿಸಿತು. ಇಬ್ಬರಿಗೂ ಹರಿದ ಜೀನ್ಸ್, ಕೆದರಿದ ಗಡ್ಡ, ಕೈಯಲ್ಲಿ ಮೂಳೆ. ಹಾಗಾಗಿ ಬದಲಿ ಸಲೀಸಾಯಿತು. ಬದಲಿ ಆಟಗಾರ ಹೊಂದುವುದು ಜೋಡಿಯ ಗುರುತು ವೇಷದಲ್ಲಿದ್ದಾಗ ಮಾತ್ರ. ಗುರುತು ಮನುಷ್ಯನಲ್ಲಿದ್ದರೆ ಅದು ನಡೆಯುವುದಿಲ್ಲ.

ಬ್ರಿಟಿಷ್ ಬುಲ್‌ಡಾಗ್ಸ್ ವಿಷಯದಲ್ಲಿ ಆದದ್ದು ಅದೇ. ಡೇವಿ ಬಾಯ್ ಸ್ಮಿತ್ ಮತ್ತು ಡೈನಮೈಟ್ ಕಿಡ್ 1986ರ ಏಪ್ರಿಲ್ 7ರಂದು ರೆಸಲ್‌ಮೇನಿಯಾ 2ರಲ್ಲಿ ಪಟ್ಟ ಗೆದ್ದರು. ಡಿಸೆಂಬರ್‌ನಲ್ಲಿ ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಡೈನಮೈಟ್‌ನ ಬೆನ್ನು ಹೋಯಿತು, ಶಸ್ತ್ರಚಿಕಿತ್ಸೆ ಆಯಿತು. ಅವನ ಜಾಗಕ್ಕೆ ಯಾರನ್ನು ತಂದರೂ ಜನ ಬುಲ್‌ಡಾಗ್ಸ್ ಎಂದು ಒಪ್ಪುತ್ತಿರಲಿಲ್ಲ. ಪಟ್ಟವನ್ನು ರಿಂಗ್‌ನಲ್ಲೇ ದಾಟಿಸಬೇಕು ಎಂದು ತೀರ್ಮಾನವಾಯಿತು. 1987ರ ಜನವರಿ 26ರಂದು ಫ್ಲೋರಿಡಾದ ಟ್ಯಾಂಪಾದಲ್ಲಿ ಟಿವಿ ಚಿತ್ರೀಕರಣ. ಆ ಟೇಪ್ ಸಿಕ್ಕರೆ ಮೊದಲ ಒಂದು ನಿಮಿಷ ಗಮನಿಸಿ. ಡೈನಮೈಟ್ ಡೇವಿಯ ಆಸರೆ ಹಿಡಿದು, ಹೆಜ್ಜೆ ಅಳೆದು ಅಳೆದು ಬರುತ್ತಾನೆ. ಗಂಟೆ ಹೊಡೆಯುವ ಹೊತ್ತಿಗೇ ಎದುರಾಳಿ ಹಾರ್ಟ್ ಫೌಂಡೇಶನ್‌ನ ಮ್ಯಾನೇಜರ್ ಜಿಮ್ಮಿ ಹಾರ್ಟ್‌ನ ಮೆಗಾಫೋನ್ ಏಟು ತಿಂದು ರಿಂಗ್ ಹೊರಗೆ ಮಲಗುತ್ತಾನೆ, ಮತ್ತೆ ಏಳುವುದಿಲ್ಲ. ಉಳಿದ ಪಂದ್ಯವನ್ನೆಲ್ಲ ಡೇವಿ ಒಬ್ಬನೇ ಆಡಿದ. ರೆಫರಿ ಡ್ಯಾನಿ ಡೇವಿಸ್ ಬೇರೆ ಕಡೆ ನೋಡುತ್ತ ನಿಂತ, ಹಾರ್ಟ್ ಫೌಂಡೇಶನ್ ಗೆದ್ದಿತು. ಮೆಗಾಫೋನ್ ಏಟು ಇಲ್ಲಿ ಬರೀ ಮೋಸದಾಟದ ಗುರುತಲ್ಲ, ಬೆನ್ನು ಮುರಿದವನು ಒಂದು ಪೆಟ್ಟನ್ನೂ ಮೈಮೇಲೆ ಸರಿಯಾಗಿ ಬೀಳಿಸಿಕೊಳ್ಳದೆ ಪಂದ್ಯ ಮುಗಿಸಲು ಮಾಡಿದ ಏರ್ಪಾಡು. ಒಬ್ಬ ಗಾಯಾಳುವನ್ನು ಕಾಯ್ದು ಪಟ್ಟ ದಾಟಿಸಿದ ರೀತಿಯಲ್ಲಿ ಈ ಪಂದ್ಯಕ್ಕಿಂತ ಚೆನ್ನಾದದ್ದು ಈ ಪಟ್ಟದ ಇತಿಹಾಸದಲ್ಲಿ ನನಗೆ ಕಂಡಿಲ್ಲ.

ಇನ್ನು ದಿನ ಎಣಿಸುವ ಲೆಕ್ಕ. ಡೆಮಾಲಿಷನ್ ಜೋಡಿಯ ಆ್ಯಕ್ಸ್ ಮತ್ತು ಸ್ಮ್ಯಾಶ್ 1988ರ ಮಾರ್ಚ್ 27ರಂದು ಗೆದ್ದರು. ಬ್ರೇನ್ ಬಸ್ಟರ್ಸ್‌ಗೆ ಸೋತ ಪಂದ್ಯ ನಡೆದದ್ದು 1989ರ ಜುಲೈ 18ರಂದು. ಒಟ್ಟು 478 ದಿನ, ಈ ಪಟ್ಟದ ದಾಖಲೆ. ಆದರೆ ಆ ಪಂದ್ಯ ಟಿವಿಯಲ್ಲಿ ಬಂದದ್ದು ಜುಲೈ 29ರಂದು. ಪ್ರಸಾರದ ದಿನ ಹಿಡಿದರೆ 489 ಆಗುತ್ತದೆ. 2016ರಲ್ಲಿ ನ್ಯೂ ಡೇ ತಂಡ ಬೇರೆ ಪಟ್ಟದಲ್ಲಿ 483 ದಿನ ಮುಟ್ಟಿ ಡೆಮಾಲಿಷನ್ ದಾಖಲೆ ಮುರಿಯಿತು ಎಂದು ಕಂಪನಿ ಸಂಭ್ರಮಿಸಿತಲ್ಲ, ಅದು ಚಿತ್ರೀಕರಣದ ದಿನ ಹಿಡಿದ ಲೆಕ್ಕ. ಪ್ರಸಾರದ ದಿನ ಹಿಡಿದಿದ್ದರೆ ಆರು ದಿನ ಕಡಿಮೆ ಬೀಳುತ್ತಿತ್ತು. ಆ ಕಾಲದ ಯಾವ ಪಟ್ಟದ ದಿನಗಳನ್ನು ಹೋಲಿಸುವಾಗಲೂ ಎರಡೂ ಕಡೆ ಒಂದೇ ಬಗೆಯ ತಾರೀಖು ಇದೆಯೇ ಎಂದು ಮೊದಲು ನೋಡಿಕೊಳ್ಳಿ.

ಎಲ್ಲಕ್ಕಿಂತ ವಿಚಿತ್ರವಾದದ್ದು 1990ರ ಅಕ್ಟೋಬರ್ 30ರ ಪ್ರಸಂಗ. ಇಂಡಿಯಾನಾದ ಫೋರ್ಟ್ ವೇಯ್ನ್‌ನಲ್ಲಿ ಹಾರ್ಟ್ ಫೌಂಡೇಶನ್ ಎದುರು ರಾಕರ್ಸ್, ಅಂದರೆ ಶಾನ್ ಮೈಕೇಲ್ಸ್ ಮತ್ತು ಮಾರ್ಟಿ ಜೆನೆಟ್ಟಿ. ಮೂರರಲ್ಲಿ ಎರಡು ಸುತ್ತು ಗೆದ್ದವರಿಗೆ ಪಟ್ಟ. ಪಂದ್ಯದ ನಡುವೆ ಮೇಲಿನ ಹಗ್ಗ ಕಿತ್ತು ಬಂತು. ಈ ಕಂಪನಿಯ ರಿಂಗ್‌ನಲ್ಲಿ ಉಕ್ಕಿನ ಕೇಬಲ್ ಇರುವುದಿಲ್ಲ, ಟೇಪ್ ಸುತ್ತಿದ ನಿಜವಾದ ಹಗ್ಗ ಇರುತ್ತದೆ. ನಾಲ್ಕು ಕಂಬಗಳ ಸುತ್ತ ಬಿಗಿದು ಕಟ್ಟಿದ್ದು ಒಂದು ಕಡೆ ಬಿಟ್ಟರೆ ನಾಲ್ಕೂ ಬದಿಯ ಬಿಗಿ ಹೋಗುತ್ತದೆ. ಆಮೇಲೆ ಹಗ್ಗಕ್ಕೆ ಓಡಿ ಪುಟಿಯುವ ಹಾಗಿಲ್ಲ, ಮೂಲೆಯ ಮೇಲೆ ನಿಂತು ಹಾರುವುದೂ ಅಪಾಯ, ಹೊರಗೆ ನಿಂತ ಜೊತೆಗಾರನಿಗೆ ಒರಗಲು ಆಧಾರವೂ ಇಲ್ಲ. ರಾಕರ್ಸ್ ಆಟವೆಲ್ಲ ಮೇಲಿನ ಹಗ್ಗದ ಮೇಲೆಯೇ ನಿಂತಿತ್ತು. ಅವರು ಗೆದ್ದರೂ ಪಂದ್ಯ ತೋರಿಸುವಂತಿರಲಿಲ್ಲ. ಅಷ್ಟರಲ್ಲಿ ಹಾರ್ಟ್ ಫೌಂಡೇಶನ್ ಕೈಯಿಂದ ಪಟ್ಟ ಬಿಡಿಸುವ ಯೋಜನೆಯನ್ನೂ ಕಂಪನಿ ಕೈಬಿಟ್ಟಿತು. ಪಂದ್ಯ ಪ್ರಸಾರವಾಗಲೇ ಇಲ್ಲ, ಬೆಲ್ಟ್‌ಗಳು ಹಿಂದಕ್ಕೆ ಹೋದವು. ಇಂದಿಗೂ ಅಧಿಕೃತ ಪಟ್ಟಿಯಲ್ಲಿ ರಾಕರ್ಸ್ ಹೆಸರಿಲ್ಲ. ಅವರ ಹೆಸರು ಇರಬೇಕಿತ್ತು ಎಂದೇ ನನ್ನ ವಾದ. ಸಭಾಂಗಣದಲ್ಲಿ ಕೂತಿದ್ದವರು ಮೂರು ಎಣಿಸಿದ್ದನ್ನು ನೋಡಿದ್ದಾರೆ.

ಇದರ ತದ್ವಿರುದ್ಧ 1994ರ ಮಾರ್ಚ್‌ನ ಲಂಡನ್ ಪಂದ್ಯ. ಮೆನ್ ಆನ್ ಎ ಮಿಷನ್‌ನ ದೈತ್ಯ ಮೇಬಲ್, ಕ್ಯುಬೆಕರ್ಸ್‌ನ ಪಿಯೆರ್ ಮೇಲೆ ಬಿದ್ದ. ಮೂರನೆಯ ಎಣಿಕೆಗೆ ಮುಂಚೆ ಭುಜ ಎತ್ತಬೇಕಿದ್ದ ಪಿಯೆರ್‌ಗೆ ಅಷ್ಟು ಭಾರದ ಕೆಳಗಿನಿಂದ ಎತ್ತಲಾಗಲಿಲ್ಲ. ಯಾರೂ ಯೋಚಿಸದ ಪಟ್ಟ ಬದಲಾವಣೆ ಆಗಿಹೋಯಿತು. ಎರಡು ದಿನದಲ್ಲಿ ಶೆಫೀಲ್ಡ್‌ನಲ್ಲಿ ಕ್ಯುಬೆಕರ್ಸ್‌ಗೆ ವಾಪಸ್ ಕೊಡಿಸಿದರು. ಇದು ಅಧಿಕೃತ ಪಟ್ಟಿಯಲ್ಲಿದೆ.

90ರ ದಶಕದ ಕೊನೆಯಲ್ಲಿ ಒಬ್ಬೊಬ್ಬರೇ ತಾರೆಗಳನ್ನು ತಾತ್ಕಾಲಿಕವಾಗಿ ಜೋಡಿಸಿ ಪಟ್ಟ ಕೊಡುವ ಚಾಳಿ ಬಂತು. 1997ರ ಮೇ ತಿಂಗಳಲ್ಲಿ ಸ್ಟೀವ್ ಆಸ್ಟಿನ್ ಮತ್ತು ಶಾನ್ ಮೈಕೇಲ್ಸ್ ಗೆದ್ದರು, ಮೈಕೇಲ್ಸ್ ಹೊರಬಿದ್ದ ಮೇಲೆ ಆಸ್ಟಿನ್ ಜೊತೆಗೆ ಡ್ಯೂಡ್ ಲವ್ ಬಂದ. ಆಗಸ್ಟ್ 3ರ ಸಮ್ಮರ್‌ಸ್ಲ್ಯಾಮ್ ಎಂಬ ದೊಡ್ಡ ಪ್ರದರ್ಶನದಲ್ಲಿ ಆಸ್ಟಿನ್‌ನ ಕುತ್ತಿಗೆಗೆ ಗಂಭೀರ ಪೆಟ್ಟಾಯಿತು, ಪಟ್ಟ ಮತ್ತೆ ತೆರವು. 1998ರ ಸಮ್ಮರ್‌ಸ್ಲ್ಯಾಮ್‌ನಲ್ಲಿ ಕೇನ್ ಬಾರದೆ ಮ್ಯಾನ್‌ಕೈಂಡ್ ಒಬ್ಬನೇ ನ್ಯೂ ಏಜ್ ಔಟ್‌ಲಾಸ್ ಜೋಡಿಯ ಎದುರು ಪಟ್ಟ ಕಾಯಲು ಹೋಗಿ ಸೋತ. ಕಥೆಗೆ ಇವೆಲ್ಲ ಚೆಂದ. ಆದರೆ ವರ್ಷಗಟ್ಟಲೆ ಒಟ್ಟಿಗೆ ಆಡಿ ಹದಗೊಂಡ ಜೋಡಿಗಳು ಬೆಳೆಯಲು ಜಾಗ ಸಿಗಲಿಲ್ಲ.

ಅದಕ್ಕೇ 2000 ಮತ್ತು 2001 ಎದ್ದು ಕಾಣುತ್ತವೆ. ಎಜ್ ಮತ್ತು ಕ್ರಿಶ್ಚಿಯನ್, ಹಾರ್ಡಿ ಸಹೋದರರು, ಡಡ್ಲಿ ಸಹೋದರರು ಮೂರೂ ನಿಜವಾದ ಜೋಡಿಗಳು. 2000ದ ಏಪ್ರಿಲ್ 2ರ ರೆಸಲ್‌ಮೇನಿಯಾದ ಏಣಿ ಪಂದ್ಯ, ಅದೇ ವರ್ಷದ ಸಮ್ಮರ್‌ಸ್ಲ್ಯಾಮ್‌ನಲ್ಲಿ ಮೇಜು, ಏಣಿ, ಕುರ್ಚಿಗಳ ಮೊದಲ ಪಂದ್ಯ, 2001ರ ಏಪ್ರಿಲ್ 1ರಂದು ಅದರ ಎರಡನೆಯದು. ಮೂರನ್ನೂ ಗೆದ್ದವರು ಎಜ್ ಮತ್ತು ಕ್ರಿಶ್ಚಿಯನ್. ಏಣಿ ಪಂದ್ಯದಲ್ಲಿ ಟ್ಯಾಗ್ ಇಲ್ಲ, ಪಿನ್ ಇಲ್ಲ, ಮೂಲೆಯಲ್ಲಿ ಕಾಯುವವರಿಲ್ಲ. ಮೇಲೆ ತೂಗಿದ ಬೆಲ್ಟ್‌ಗಳನ್ನು ಯಾರು ಬಿಚ್ಚಿಕೊಂಡರೂ ಜೋಡಿ ಗೆದ್ದಂತೆ. ಆರೂ ಜನ ಒಟ್ಟಿಗೆ ರಿಂಗ್‌ನಲ್ಲಿರುವಾಗ ಯಾರು ಯಾವಾಗ ಏಣಿ ಹಿಡಿಯಬೇಕು, ಯಾರು ತಳ್ಳಬೇಕು ಎಂಬುದು ಕಣ್ಸನ್ನೆಯಲ್ಲೇ ಗೊತ್ತಾಗಬೇಕು. ಅದು ಒಟ್ಟಿಗೆ ಆಡಿದವರಿಗಷ್ಟೇ ಸಾಧ್ಯ.

ಕೆಡಿಸಿದ್ದು 2002ರ ವಿಭಜನೆ. ಆಟಗಾರರನ್ನು ರಾ ಮತ್ತು ಸ್ಮ್ಯಾಕ್‌ಡೌನ್ ಎಂದು ಹಂಚಿದರು. ಹಳೆಯ ಪಟ್ಟ ರಾ ಕಡೆ ಹೋಯಿತು, ಸ್ಮ್ಯಾಕ್‌ಡೌನ್‌ಗಾಗಿ ಅಕ್ಟೋಬರ್‌ನಲ್ಲಿ ಹೊಸ ಡಬ್ಲ್ಯುಡಬ್ಲ್ಯುಇ ಟ್ಯಾಗ್ ಟೀಮ್ ಪಟ್ಟ ಹುಟ್ಟಿತು. ಒಂದು ಪಟ್ಟಕ್ಕೆ ಸಾಕಾಗುವಷ್ಟಿದ್ದ ಜೋಡಿಗಳು ಎರಡಕ್ಕೆ ಹಂಚಿಹೋದವು. ಸವಾಲು ಹಾಕುವವರೇ ಇಲ್ಲದೆ ಚಾಂಪಿಯನ್ನರು ಖಾಲಿ ಕೂತರು. 2008ರ ಜೂನ್ 29ರ ಪಂದ್ಯದಲ್ಲಂತೂ ಚಾಂಪಿಯನ್ ಕೋಡಿ ರೋಡ್ಸ್ ತನ್ನ ಜೊತೆಗಾರ ಹಾರ್ಡ್‌ಕೋರ್ ಹಾಲಿಗೆ ಕೈಕೊಟ್ಟು ಎದುರಾಳಿ ಟೆಡ್ ಡಿಬಿಯಾಸಿ ಜೂನಿಯರ್ ಕಡೆ ಸೇರಿದ. ಒಂದೇ ಎಣಿಕೆಯಲ್ಲಿ ಪಟ್ಟ ಸೋತವನೂ ಅವನೇ, ಗೆದ್ದವನೂ ಅವನೇ.

2009ರ ಏಪ್ರಿಲ್ 5ರಂದು ರೆಸಲ್‌ಮೇನಿಯಾ 25ರ ಮುಖ್ಯ ಪ್ರಸಾರ ಶುರುವಾಗುವ ಮುಂಚೆ ಕಾರ್ಲಿಟೊ ಮತ್ತು ಪ್ರಿಮೊ, ಮಿಜ್ ಮತ್ತು ಜಾನ್ ಮಾರಿಸನ್‌ರನ್ನು ಸೋಲಿಸಿ ಎರಡೂ ಪಟ್ಟ ಒಟ್ಟು ಮಾಡಿದರು. 38 ವರ್ಷದ ಪಟ್ಟದ ಹಣೆಬರಹ ಬರೆದ ಪಂದ್ಯಕ್ಕೆ ಮುಖ್ಯ ಪ್ರಸಾರದಲ್ಲಿ ಜಾಗ ಕೊಡಲಿಲ್ಲ ಎಂಬುದು ಇವತ್ತಿಗೂ ನೋಯಿಸುತ್ತದೆ. ಒಟ್ಟು ಮಾಡಿದರೂ ಕರಗಿಸಲಿಲ್ಲ. ಎರಡೂ ಪಟ್ಟ ಕಾಗದದಲ್ಲಿ ಬೇರೆಬೇರೆಯಾಗಿ ಜೀವಂತ, ಕಾಯುವುದು ಮಾತ್ರ ಒಟ್ಟಿಗೆ. ಒಬ್ಬೊಬ್ಬನ ಮೈಮೇಲೂ ಎರಡೆರಡು ಬೆಲ್ಟ್.

ಜೂನ್ 28ರಂದು ಎಜ್ ಮತ್ತು ಕ್ರಿಸ್ ಜೆರಿಕೊ ಗೆದ್ದರು. ಹಳೆಯ ಪಟ್ಟದಲ್ಲಿ ಎಜ್‌ನದು ಇದು 12ನೆಯ ಗೆಲುವು, ಯಾರೂ ಮುಟ್ಟದ ಸಂಖ್ಯೆ. ಕೆಲವೇ ದಿನದಲ್ಲಿ ಅವನ ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು ಹರಿಯಿತು. ಈ ಸಲ ಬಳಸಿದ್ದು ಮೂನ್‌ಡಾಗ್ಸ್ ಉತ್ತರ: ಜೊತೆಗಾರನನ್ನು ಬದಲಿಸುವ ಹಕ್ಕು ಒಪ್ಪಂದದಲ್ಲಿದೆ ಎಂಬ ಕಥೆ ಕಟ್ಟಿ ಜೆರಿಕೊ, ಬಿಗ್ ಶೋನನ್ನು ಕರೆತಂದ. ವೇಷ ಒಂದಾಗಿರಲಿಲ್ಲ. ಆದರೂ ಇದು ಗೆದ್ದಿತು, ಯಾಕೆಂದರೆ ಈ ಇಬ್ಬರೂ ಎರಡೂ ಕಾರ್ಯಕ್ರಮಗಳಲ್ಲಿ ಪಟ್ಟ ಕಾಯ್ದರು.

ಕೊನೆಯ ಚಾಂಪಿಯನ್ನರು ಹಾರ್ಟ್ ಡೈನಾಸ್ಟಿ. ಡೇವಿ ಬಾಯ್ ಸ್ಮಿತ್‌ನ ಮಗ ಡೇವಿಡ್ ಹಾರ್ಟ್ ಸ್ಮಿತ್, ಜೊತೆಗೆ ಟೈಸನ್ ಕಿಡ್. 2010ರ ಆಗಸ್ಟ್ 16ರಂದು ಹಳೆಯ ಹಾರ್ಟ್ ಫೌಂಡೇಶನ್‌ನ ಬ್ರೆಟ್ ಹಾರ್ಟ್ ಈ ಜೋಡಿಗೆ ತಾಮ್ರ ಬಣ್ಣದ ಹೊಸ ಬೆಲ್ಟ್‌ಗಳನ್ನು ಕೊಟ್ಟ. ಮುಂದುವರಿದದ್ದು 2002ರ ವಂಶಾವಳಿ, 1971ರದು ಅಲ್ಲಿಗೆ ಮುಗಿಯಿತು. ಹಳೆಯದನ್ನು ಉಳಿಸಿ ಹೊಸದನ್ನು ಅದರೊಳಗೆ ಸೇರಿಸಬೇಕಿತ್ತು. 2001ರಲ್ಲಿ, ಕಂಪನಿ ಕೊಂಡುಕೊಂಡ ಪೈಪೋಟಿ ಸಂಸ್ಥೆ ಡಬ್ಲ್ಯುಸಿಡಬ್ಲ್ಯುನ ಜೋಡಿ ಪಟ್ಟವನ್ನು ಹೀಗೆಯೇ ಇದರೊಳಗೆ ಸೇರಿಸಿದ್ದರು, ದಾರಿ ಗೊತ್ತಿಲ್ಲದೆ ಇರಲಿಲ್ಲ.

ಹುಡುಕುವವರಿಗೆ ಒಂದು ಮಾತು. 2024ರ ಏಪ್ರಿಲ್‌ನಲ್ಲಿ ರಾ ಟ್ಯಾಗ್ ಟೀಮ್ ಪಟ್ಟಕ್ಕೆ ವರ್ಲ್ಡ್ ಟ್ಯಾಗ್ ಟೀಮ್ ಚಾಂಪಿಯನ್‌ಶಿಪ್ ಎಂದು ಹೆಸರು ಬದಲಿಸಿದ್ದಾರೆ. ಅದು 2002ರ ಪಟ್ಟ, ಇದಲ್ಲ. ಪಟ್ಟಿಯ ಮೊದಲ ಸಾಲು ನೋಡಿ. ಗ್ರಹಾಂ ಮತ್ತು ಟೈಲರ್ ಇದ್ದರೆ ಹಳೆಯದು, ಕರ್ಟ್ ಆ್ಯಂಗಲ್ ಮತ್ತು ಕ್ರಿಸ್ ಬೆನ್ವಾ ಇದ್ದರೆ ಹೊಸದು.