2024ರ ನನ್ನ ಹತ್ತು ಸಿಂಗಲ್ಸ್: ಗಂಟಲು ಬಿಟ್ಟು ಹಾಡಿದವರ ವರ್ಷ

ಡಿಸೆಂಬರ್ ಬಂತು, ಲಿಸ್ಟ್ ಹಾಕದೆ ಇರೋಕಾಗಲ್ಲ. ಈ ಸಲ ಹತ್ತು ಸಿಂಗಲ್ (ಆಲ್ಬಮ್ಮಿಂದ ಬೇರೆಯಾಗಿ ಒಂದೊಂದೇ ಬಿಡೋ ಹಾಡು) ಆರಿಸೋಕೆ ಕೂತಾಗ ಒಂದು ವಿಷಯ ಎದ್ದು ಕಾಣಿಸ್ತು, ಅದನ್ನ ಮೊದ್ಲೇ ಹೇಳ್ಬಿಡ್ತೀನಿ. ಕೆಲವು ವರ್ಷದಿಂದ ಇಂಗ್ಲಿಷ್ ಪಾಪ್ ಅಂದ್ರೆ ಮೈಕಿಗೆ ಬಾಯಿ ಅಂಟಿಸ್ಕೊಂಡು ಪಿಸುಗುಡೋದು ಅಂತ ಆಗ್ಬಿಟ್ಟಿತ್ತು. ಈ ವರ್ಷ ಅದು ತಿರುಗ್ತು, ಜನ ಮತ್ತೆ ಗಂಟಲು ಬಿಟ್ಟು ಹಾಡಿದ್ರು. ನನ್ನ ಲಿಸ್ಟಲ್ಲಿ ಮೇಲಿರೋ ಮೂರೂ ಅಂಥವೇ.

ಇದು ನನಗ್ಯಾಕೆ ಇಷ್ಟು ಮುಖ್ಯ ಅಂದ್ರೆ ನಾನು ಹಾಡು ಕೇಳೋದು ಮಡಿಕೇರಿ ಹತ್ರ ಹೆಂಚಿನ ಮನೇಲಿ, ಜುಲೈ ತಿಂಗಳಲ್ಲಿ ಮಳೆ ಹಿಡಿದ್ರೆ ಹೆಂಚಿನ ಮೇಲೆ ಬೀಳೋ ಸದ್ದಿಗೆ ಪಕ್ಕದಲ್ಲಿ ಕೂತವರ ಮಾತೇ ಕೇಳಲ್ಲ, ಇನ್ನು ಫೋನ್ ಸ್ಪೀಕರಲ್ಲಿ ಪಿಸುಮಾತಿನ ಹಾಡು ಎಲ್ಲಿ ಕೇಳುತ್ತೆ. ಕರೆಂಟ್ ಹೋಗುತ್ತೆ, ಅದರ ಹಿಂದೆನೇ ಟವರೂ ಹೋಗುತ್ತೆ, ಡೌನ್‌ಲೋಡ್ ಮಾಡಿಟ್ಕೊಂಡಿರೋ ಹಾಡುಗಳೇ ಗತಿ. ಅವನ್ನೇ ತಿರುಗಿಸಿ ಮುರುಗಿಸಿ ಕೇಳ್ತಾ ಇದ್ರೆ ಯಾವುದು ಗಟ್ಟಿ ಯಾವುದು ಜೊಳ್ಳು ಅಂತ ತಾನಾಗೇ ಗೊತ್ತಾಗುತ್ತೆ. ಚಾರ್ಟ್ ಏನೇ ಹೇಳ್ಲಿ, ನನ್ನ ಲಿಸ್ಟ್ ಆಗೋದು ಆ ಮಳೆಗಾಲದಲ್ಲೇ, ಆಮೇಲೆ ಬಂದ ಹಾಡುಗಳು ಅವುಗಳ ಜೊತೆ ಗುದ್ದಾಡಿ ಜಾಗ ಮಾಡ್ಕೋಬೇಕು.

ಕೆಳಗಿಂದ ಶುರು ಮಾಡ್ತೀನಿ. ಹತ್ತನೇದು ಬಿಯಾನ್ಸೆಯ ‘ಟೆಕ್ಸಾಸ್ ಹೋಲ್ಡ್ ಎಮ್’. ಫೆಬ್ರವರಿಲಿ ಸೂಪರ್ ಬೌಲ್ (ಅಮೆರಿಕನ್ ಫುಟ್ಬಾಲ್ ಫೈನಲ್) ದಿನ ಬಂದಿದ್ದು, ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ (ಅಮೆರಿಕದ ಹಳ್ಳಿ ಕಡೆಯ ಸಂಗೀತ) ಚಾರ್ಟಲ್ಲಿ ಮೊದಲನೇ ಜಾಗಕ್ಕೆ ಹೋದ ಮೊದಲ ಕಪ್ಪು ಮಹಿಳೆ ಅನ್ನೋ ಹೆಸರು ಈ ಹಾಡಿಂದಾನೇ ಅವರಿಗೆ ಬಂತು. ಶುರುವಲ್ಲೇ ಬರೋ ಬ್ಯಾಂಜೋ ನುಡಿಸಿರೋದು ರಿಯಾನನ್ ಗಿಡನ್ಸ್. ಬ್ಯಾಂಜೋ ಆಫ್ರಿಕಾದಿಂದ ಗುಲಾಮರಾಗಿ ಬಂದವರ ವಾದ್ಯ ಅನ್ನೋದನ್ನ ವರ್ಷಾನುಗಟ್ಟಲೆಯಿಂದ ಹೇಳ್ಕೊಂಡು ಬಂದಿರೋ ಕಲಾವಿದೆ ಅವರು, ಅವರನ್ನೇ ಕರೆದು ಕೂರಿಸಿದ್ದು ಸುಮ್ನೆ ಅಲ್ಲ. ಆದ್ರೂ ಹಾಡು ಮುಗಿಯೋ ಹೊತ್ತಿಗೆ ಎಲ್ಲಿಂದ ಶುರುವಾಗಿತ್ತೋ ಅಲ್ಲೇ ಇರುತ್ತೆ, ಅದಕ್ಕೇ ಹತ್ತು.

ಒಂಬತ್ತು, ಬೆನ್ಸನ್ ಬೂನ್ ಹಾಡಿರೋ ‘ಬ್ಯೂಟಿಫುಲ್ ಥಿಂಗ್ಸ್’. ಜನವರಿಲೇ ಬಂತು. ಮೆಲ್ಲಗೆ ಗಿಟಾರ್ ಹಿಡ್ಕೊಂಡು, ಇರೋದೆಲ್ಲ ಚೆನ್ನಾಗಿದೆ ಅಂತ ಹಾಡ್ತಾ ಇರೋ ಹುಡುಗ ಇದ್ದಕ್ಕಿದ್ದಂಗೆ ಡ್ರಮ್ಸ್ ಜೊತೆ ಕಿರುಚಿ ಬೇಡ್ಕೊಳ್ಳೋಕೆ ಶುರು ಮಾಡ್ತಾನೆ. ಮೊದಲ ಸಲ ಬೆಚ್ಚಿ ಬೀಳ್ತೀವಿ. ಹತ್ತನೇ ಸಲಕ್ಕೆ ಆ ಬೆಚ್ಚು ಇರಲ್ಲ, ಆದ್ರೆ ಗಂಟಲಿಗೆ ಮಾತ್ರ ಪೂರ್ತಿ ಮಾರ್ಕ್ಸ್.

ಎಂಟನೇದು ಶಬೂಜಿಯ ‘ಎ ಬಾರ್ ಸಾಂಗ್’. 19 ವಾರ ಬಿಲ್‌ಬೋರ್ಡಿನ ಮುಖ್ಯ ಚಾರ್ಟ್ ಹಾಟ್ 100ರ ತುದೀಲಿ ಕೂತಿತ್ತು, ಅದಕ್ಕೆ ಮುಂಚೆ ಅಷ್ಟು ವಾರ ಕೂತಿದ್ದು 2019ರ ‘ಓಲ್ಡ್ ಟೌನ್ ರೋಡ್’ ಒಂದೇ. ನೈಜೀರಿಯಾದಿಂದ ಬಂದ ಅಪ್ಪ ಅಮ್ಮನ ಮಗ, ವರ್ಜೀನಿಯಾದಲ್ಲಿ ಬೆಳೆದವನು, 2004ರ ಒಂದು ರ‍್ಯಾಪ್ ಹಾಡಿನ ತುಣುಕು ತಗೊಂಡು ಅದಕ್ಕೆ ಪಿಟೀಲು ಸೇರಿಸಿ ಕಂಟ್ರಿ ಮಾಡ್ಬಿಟ್ಟ. ವಾರ ಪೂರ್ತಿ ದುಡಿದು ಸುಸ್ತಾದವರು ಸಂಜೆ ಗುಂಪಾಗಿ ಕೂತು ಹಾಡೋ ಹಾಡು, ಒಬ್ರೇ ಕೂತು ಕೇಳಿದ್ರೆ ಅಷ್ಟು ರುಚಿ ಹತ್ತಲ್ಲ.

ಏಳಕ್ಕೆ ಕೊರಿಯಾದ ಬ್ಲ್ಯಾಕ್‌ಪಿಂಕ್ ತಂಡದ ರೋಸೆ ಮತ್ತೆ ಬ್ರೂನೋ ಮಾರ್ಸ್ ಸೇರಿ ಹಾಡಿರೋ ‘ಎ.ಪಿ.ಟಿ.’ ಅಕ್ಟೋಬರ್ 18ಕ್ಕೆ ಬಂತು, ಬಂದ ವಾರದಲ್ಲೇ ಎಲ್ಲಾ ಕಡೆ. ಕೊರಿಯಾದಲ್ಲಿ ಕುಡಿಯೋಕೆ ಕೂತಾಗ ಆಡೋ ಆಟ ಇದು: ಎಲ್ರೂ ಕೈ ಮೇಲೆ ಕೈ ಇಟ್ಟು ಅಟ್ಟಿ ಕಟ್ತಾರೆ, ಒಬ್ರು ಒಂದು ನಂಬರ್ ಹೇಳ್ತಾರೆ, ಆಮೇಲೆ ತಳದ ಕೈಯಿಂದ ಒಂದೊಂದೇ ಎಳೆದು ಮೇಲಿಡ್ತಾ ಎಣಿಸ್ಕೊಂಡು ಹೋದ್ರೆ ಆ ನಂಬರ್ ಯಾರ ಕೈಗೆ ಬಂತೋ ಅವರು ಕುಡೀಬೇಕು. ಆ ಆಟದ ‘ಆಪತೆ’ (ಅಂದ್ರೆ ಅಪಾರ್ಟ್‌ಮೆಂಟ್) ಅನ್ನೋ ಕೂಗನ್ನೇ ಹಾಡಿನ ಪಲ್ಲವಿ ಮಾಡಿದ್ದಾರೆ, ಅದರ ಹಿಂದೆ ಟೋನಿ ಬೇಸಿಲ್ ಅವರ ‘ಮಿಕ್ಕಿ’ ಹಾಡಿನ ಲಯನೂ ಇದೆ. ಮೊನ್ನೆ ಗೋಣಿಕೊಪ್ಪದಲ್ಲಿ ಒಂದು ಮದುವೆ, ವಾಲಗದವರ ಕುಣಿತ ಎಲ್ಲ ಮುಗಿದು ಡಿಜೆ ಶುರುವಾಯ್ತು, ನಮ್ಮ ಅಕ್ಕನ ಮಗಳು ನನ್ನ ಸೀರೆ ಸೆರಗು ಹಿಡಿದು ಎಳೀತಾ, “ಚಿಕ್ಕಮ್ಮ, ಆಪತೆ ಆಪತೆ ಹಾಕೋಕೆ ಹೇಳಿ, ಬೇಗ ಹೇಳಿ” ಅಂತ ಒಂದೇ ಸಮ. ಹಾಕಿದ ಮೇಲೆ ಅವಳ ಜೊತೆ ಇನ್ನೂ ಶಾಲೆ ಮೆಟ್ಟಿಲು ಹತ್ತದ ಮಕ್ಕಳೂ ಕೂಗ್ತಿದ್ವು, ಅವಕ್ಕೆ ಇಂಗ್ಲಿಷೂ ಬರಲ್ಲ ಕೊರಿಯನ್ನೂ ಬರಲ್ಲ. ಪಾಪ್ ಹಾಡಿಗೆ ಇದಕ್ಕಿಂತ ಏನು ಬೇಕು ಹೇಳಿ. ಜುಲೈನಲ್ಲೇ ಬಂದಿದ್ರೆ ಇನ್ನೂ ಮೇಲೆ ಹೋಗ್ತಿತ್ತೇನೋ, ನಾನು ಅದರ ಜೊತೆ ಇನ್ನೂ ಸಾಕಷ್ಟು ದಿನ ಕಳೆದಿಲ್ಲ.

ಆರು, ಸಬ್ರೀನಾ ಕಾರ್ಪೆಂಟರ್, ‘ಎಸ್ಪ್ರೆಸೊ’. ಸ್ಪಾಟಿಫೈನಲ್ಲಿ ಈ ವರ್ಷ ಇಡೀ ಪ್ರಪಂಚದಲ್ಲೇ ಅತಿ ಹೆಚ್ಚು ಕೇಳಿದ ಹಾಡು ಇದು, 160 ಕೋಟಿ ಸಲಕ್ಕಿಂತ ಜಾಸ್ತಿ. ಕಾಫಿ ಹೆಸರಿನ ಹಾಡು, ನಾವು ಕಾಫಿ ಸೀಮೆಯವರು, ಅದೂ ರೋಬಸ್ಟಾ ರೇಟು ಹಿಂದೆಂದೂ ಕಾಣದಷ್ಟು ಏರಿದ ವರ್ಷ, ನಂಬರ್ ಒನ್ ಕೊಡ್ಬೇಕಿತ್ತಲ್ಲ ಅಂತ ಮನೇಲೇ ಜಗಳ. ಎಸ್ಪ್ರೆಸೊ ಮೇಲೆ ದಪ್ಪ ನೊರೆ ನಿಲ್ಲಬೇಕು ಅಂದ್ರೆ ಅರೇಬಿಕಾ ಜೊತೆ ರೋಬಸ್ಟಾ ಬೆರೆಸ್ತಾರೆ, ನಮ್ಮ ಕಾಫಿನ ದೊಡ್ಡ ಪ್ರಮಾಣದಲ್ಲಿ ಕೊಳ್ಳೋದೂ ಇಟಲಿನೇ, ಹಾಗಾಗಿ ಆ ಲೋಟದಲ್ಲಿ ನಮ್ಮ ಪಾಲೂ ಇದೆ ಅನ್ನೋದು ನಿಜ. ಕಣದಲ್ಲಿ ಅರೇಬಿಕಾ ಹರಡಿ ಕೈಯಾಡಿಸೋ ಹೊತ್ತಲ್ಲಿ ಇದನ್ನ ಹಾಕಿದ್ರೆ ಕೆಲಸ ಸಾಗಿದ್ದೇ ಗೊತ್ತಾಗಲ್ಲ. ಬೇಸ್ ಗಿಟಾರ್ ಒಂದೇ ಸಾಕು ಕಾಲು ಆಡಿಸೋಕೆ. ನೆನಪಲ್ಲಿ ಉಳಿಯೋ ಸಾಲುಗಳು ಒಂದರ ಹಿಂದೊಂದು ಬರ್ತವೆ, ಮೂರು ನಿಮಿಷದೊಳಗೆ ಮುಗಿಯುತ್ತೆ. ಆದ್ರೆ ಆಕೆ ಇಲ್ಲಿ ಎಲ್ಲೂ ದನಿ ಎತ್ತಲ್ಲ, ಎಲ್ಲ ನಗ್ತಾ ನಗ್ತಾ ಹೇಳಿ ಹೋಗ್ತಾರೆ. ಆ ಹಾಡಿಗೆ ಅದೇ ಸರಿ. ಮಳೆಯಲ್ಲಿ ಮಾತ್ರ ಕೇಳ್ಸಲಿಲ್ಲ.

ಐದನೇದು ನಮ್ಮದು, ‘ದ್ವಾಪರ ದಾಟುತ’. ಸಿನಿಮಾ ಹಾಡು ಸಿಂಗಲ್ ಹೇಗಾಗುತ್ತೆ ಅಂತ ಕೇಳೋರಿರ್ತಾರೆ. ಸಿನಿಮಾ ಬರೋ ಮುಂಚೆನೇ ಒಂದೊಂದೇ ಹಾಡು ಬಿಟ್ಟು ಜನರ ಬಾಯಿಗೆ ಹತ್ತಿಸೋದು ಇನ್ನೇನು ಮತ್ತೆ, ಸಿಂಗಲ್ಲೇ. ‘ಕೃಷ್ಣಂ ಪ್ರಣಯ ಸಖಿ’ ಬಂದಿದ್ದು ಆಗಸ್ಟ್ 15ಕ್ಕೆ, ಹಾಡು ಅದಕ್ಕೂ ಮುಂಚೆ ಬಂದಿತ್ತು. ಅರ್ಜುನ್ ಜನ್ಯ ಸಂಗೀತ, ವಿ. ನಾಗೇಂದ್ರ ಪ್ರಸಾದ್ ಸಾಹಿತ್ಯ, ಹಾಡಿದ್ದು ಪಂಜಾಬಿನ ಹುಡುಗ ಜಸ್‌ಕರಣ್ ಸಿಂಗ್. ಹುಟ್ಟಿ ಬೆಳೆದ ಭಾಷೆ ಅಲ್ಲದ ಭಾಷೇಲಿ ಇಷ್ಟು ತುಂಬು ದನೀಲಿ, ಪದಗಳನ್ನ ನುಂಗದೆ ಹಾಡಿದ್ದಾನಲ್ಲ, ಅದು ದೊಡ್ಡದು. ವಿರಾಜಪೇಟೆ ಕಡೆ ಹೋಗೋ ಪ್ರೈವೇಟ್ ಬಸ್ಸಲ್ಲಿ ಹೋಗ್ತಾ ಒಂದ್ಸಲ, ಬರ್ತಾ ಒಂದ್ಸಲ ಗ್ಯಾರಂಟಿ. ಮಡಿಕೇರಿ ದಸರಾ ರಾತ್ರಿ ಮಂಟಪಗಳನ್ನ ನೋಡ್ತಾ ಬೆಳಗಿನ ಜಾವದವರೆಗೂ ಅಲೆದಾಡೋವಾಗ, ಒಂದು ಕಡೆ ಇದು ಶುರುವಾಗಿದ್ದೇ ರೋಡಲ್ಲಿ ನಿಂತಿದ್ದ ಜನ ಎಲ್ಲ ಸೇರಿ ಪಲ್ಲವಿ ಹಾಡಿದ್ರು, ಸ್ಪೀಕರ್ ದನಿ ಜನರ ದನಿ ಒಂದಾಯ್ತು. ನನಗೆ ಮೈ ಜುಂ ಅಂತು.

ನಾಲ್ಕು, ಹನುಮಾನ್‌ಕೈಂಡ್ ಅವರ ‘ಬಿಗ್ ಡಾಗ್ಸ್’. ಕೇರಳದ ಮಲಪ್ಪುರಂ ಕಡೆಯವರು, ಅಮೆರಿಕದ ಹ್ಯೂಸ್ಟನ್‌ನಲ್ಲಿ ಬೆಳೆದು ಬೆಂಗಳೂರಲ್ಲಿ ರ‍್ಯಾಪ್ ಶುರು ಮಾಡಿದವರು, ಬೀಟ್ ಮಾಡಿದ್ದು ಕಲ್ಮಿ. ನಮ್ಮ ದಕ್ಷಿಣದ ಒಬ್ಬ ರ‍್ಯಾಪರ್ ಹಾಟ್ 100ರಲ್ಲಿ 23ನೇ ಜಾಗದವರೆಗೂ ಹೋಗ್ತಾರೆ ಅಂತ ಹೋದ ವರ್ಷ ಯಾರಾದ್ರೂ ಹೇಳಿದ್ರೆ ನಾನು ನಂಬ್ತಿರಲಿಲ್ಲ. ಇದರ ವಿಡಿಯೋ ಬಗ್ಗೆ ಹೇಳ್ಲೇಬೇಕು. ಮೈಸೂರು ದಸರಾ ಎಕ್ಸಿಬಿಷನ್‌ನಲ್ಲಿ, ಜಾತ್ರೆಗಳಲ್ಲಿ ನೋಡಿರ್ತೀವಲ್ಲ, ಹಲಗೆ ಜೋಡಿಸಿ ಕಟ್ಟಿದ ಬಾವಿ, ಗೋಡೆ ಮೇಲೆ ಅಡ್ಡಡ್ಡ ಬೈಕ್ ಕಾರು ಸುತ್ತಿಸೋದು, ಮೇಲೆ ಕಂಬಿ ಹಿಡ್ಕೊಂಡು ಬಗ್ಗಿ ನೋಡೋ ನಾವು. ಆ ಬಾವಿಯ ತಳದಲ್ಲಿ ನಿಂತು ಈತ ಹಾಡ್ತಾರೆ, ತಲೆ ಮೇಲೆ ಗಾಡಿಗಳು ಸುತ್ತುತ್ತಾ ಇರ್ತವೆ. ಕೇರಳದ ಪೊನ್ನಾನಿಲಿ ಶೂಟ್ ಮಾಡಿದ್ದು, ನಿರ್ದೇಶನ ಬಿಜಾಯ್ ಶೆಟ್ಟಿ. ಗ್ರಾಫಿಕ್ಸ್ ನಂಬಿಕೊಂಡು ಮಾಡಿದ ಕೆಲಸ ಅಲ್ಲ, ಓಡಿಸೋರು ದಿನಾ ಅದೇ ಕೆಲಸ ಮಾಡಿ ಹೊಟ್ಟೆ ಹೊರೆಯೋರು, ಅವರಲ್ಲಿ ಹೆಂಗಸರೂ ಇದ್ದಾರೆ. ಬೀಟಲ್ಲೂ ಅದೇ ಎಂಜಿನ್ ಗುಡುಗು. ಇದನ್ನ ಕೇಳಿದ ಮೇಲೆ ನಮ್ಮೂರ ಜಾತ್ರೆಯ ಎಷ್ಟು ಸದ್ದುಗಳು ಇನ್ನೂ ಹಾಡಾಗದೆ ಉಳಿದಿವೆ ಅಂತ ಯೋಚ್ನೆ ಬಂತು.

ಮೂರನೇದು ‘ಡೈ ವಿತ್ ಎ ಸ್ಮೈಲ್’, ಲೇಡಿ ಗಾಗಾ ಮತ್ತೆ ಬ್ರೂನೋ ಮಾರ್ಸ್, ಆಗಸ್ಟ್ 16. ಬ್ರೂನೋ ಎರಡನೇ ಸಲ ಬಂದ್ರು ನೋಡಿ, ಅವರ ವರ್ಷ ಇದು. 70ರ ದಶಕದ ಹಾಡುಗಳ ಹದ, ಒಂದು-ಎರಡು-ಮೂರು ಅಂತ ಉಯ್ಯಾಲೆ ತೂಗಿದಂಗೆ ಹೋಗೋ ನಡೆ. ಪ್ರಪಂಚ ಮುಳುಗೋದಾದ್ರೂ ನಿನ್ನ ಪಕ್ಕ ಇರ್ತೀನಿ ಅನ್ನೋ ಮಾತು, ಹಳೇದೇ, ಸಾವಿರ ಹಾಡಲ್ಲಿ ಬಂದಿದೆ. ಆದ್ರೆ ಮೊದಲ ಚರಣ ಬ್ರೂನೋ ಒಬ್ರೇ ಹಾಡಿ ಮುಗಿಸಿದ ಮೇಲೆ ಗಾಗಾ ಕೆಳ ದನೀಲಿ ಒಳಗೆ ಬರ್ತಾರಲ್ಲ, ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿ ಕೊನೇಲಿ ಇಬ್ರೂ ಒಬ್ರಿಗೊಬ್ರು ಬಿಟ್ಟುಕೊಡದೆ ಹಾಡ್ತಾರೆ, ಆಮೇಲೆ ಮಾತು ಹಳೇದು ಅನ್ನೋದು ನೆನಪೇ ಇರಲ್ಲ. ನಮ್ಮಪ್ಪ ಇಂಗ್ಲಿಷ್ ಹಾಡು ಅಂದ್ರೆ ಎದ್ದು ಹೋಗೋರು, ಇದಕ್ಕೆ ಕೂತು ಪೂರ್ತಿ ಕೇಳಿ “ಈ ಹುಡುಗೀಗೆ ದನಿ ಇದೆ ಮಾರಾಯ್ತಿ” ಅಂದ್ರು.

ಎರಡು, ಬಿಲ್ಲಿ ಐಲಿಶ್, ‘ಬರ್ಡ್ಸ್ ಆಫ್ ಎ ಫೆದರ್’. ಪಿಸುಗುಡೋ ಪಾಪ್ ಅಂತ ಮೊದಲು ಹೇಳಿದ್ನಲ್ಲ, ಅದನ್ನ ಪ್ರಪಂಚಕ್ಕೆಲ್ಲ ಹಬ್ಬಿಸಿದವರಲ್ಲಿ ಬಿಲ್ಲಿ ಮುಖ್ಯರು, ಅವರೂ ಅವರ ಅಣ್ಣ ಫಿನಿಯಾಸೂ ಮನೆ ಬೆಡ್‌ರೂಮಲ್ಲಿ ಕೂತು ಮಾಡಿದ ಹಾಡುಗಳೇ ಎಲ್ಲರಿಗೂ ಮಾದರಿ ಆಗಿದ್ದು. ಅದೇ ಬಿಲ್ಲಿ ಇಲ್ಲಿ ಮೆತ್ತಗೆ ಶುರು ಮಾಡಿ, ಎರಡು ನಿಮಿಷ ನಮ್ಮನ್ನ ನಂಬಿಸಿ, ಕೊನೇ ಭಾಗದಲ್ಲಿ ಒಂದೇ ಸಮ ಮೇಲಕ್ಕೆ ಹೋಗ್ತಾರೆ. ಆ ಒಂದು ಎತ್ತರದ ಸ್ವರ ಹಿಂದಿನ ಯಾವ ಹಾಡಲ್ಲೂ ಅವರಿಂದ ನಾನು ಕೇಳಿರಲಿಲ್ಲ. ಮೇ ತಿಂಗಳಲ್ಲಿ ಆಲ್ಬಮ್ ಬಂದಾಗ ಮೊದಲ ಸಿಂಗಲ್ ಅಂತ ಮುಂದೆ ಬಿಟ್ಟಿದ್ದು ‘ಲಂಚ್’, ಇದನ್ನ ಅಲ್ಲ. ಜನನೇ ಇದನ್ನ ಎತ್ತಿ ಮೇಲೆ ತಂದ್ರು. ಪ್ಯಾರಿಸ್ ಒಲಿಂಪಿಕ್ಸ್ ಸಮಾರೋಪದಲ್ಲಿ, ಮುಂದಿನ ಕೂಟ ಲಾಸ್ ಏಂಜಲೀಸ್‌ಗೆ ಒಪ್ಪಿಸೋವಾಗ ಕ್ಯಾಲಿಫೋರ್ನಿಯಾ ಬೀಚಿಂದ ಬಿಲ್ಲಿ ಹಾಡಿದ್ದು ಇದನ್ನೇ. ನಮ್ಮ ಹಾಕಿ ಟೀಮ್ ಕಂಚು ಗೆದ್ದು ಇನ್ನೂ ನಾಲ್ಕು ದಿನ ಆಗಿರಲಿಲ್ಲ, ಕೊಡಗಲ್ಲಿ ಹಾಕಿ ಗೆದ್ದ ಖುಷಿ ಅಂದ್ರೆ ಹೇಳ್ಬೇಕಾ, ಆ ಗುಂಗಲ್ಲೇ ಇದ್ದೆ, ಈಗ ಈ ಹಾಡು ಬಂದ್ರೆ ಆ ವಾರ ಪೂರ್ತಿ ಕಣ್ಣ ಮುಂದೆ ಬರುತ್ತೆ.

ನಂಬರ್ ಒನ್, ಚಾಪೆಲ್ ರೋನ್ ಅವರ ‘ಗುಡ್ ಲಕ್, ಬೇಬ್!’. ಏಪ್ರಿಲ್ 5ಕ್ಕೆ ಬಂದಾಗಿಂದ ಈ ಜಾಗ ಬಿಟ್ಟು ಅಲ್ಲಾಡಿಲ್ಲ. ಮಿಸೌರಿ ರಾಜ್ಯದ ವಿಲ್ಲರ್ಡ್ ಅನ್ನೋ ಸಣ್ಣ ಊರಿನ ಹುಡುಗಿ, ಮೊದಲ ರೆಕಾರ್ಡ್ ಕಂಪನಿ 2020ರಲ್ಲಿ ಕೈಬಿಡ್ತು, ಊರಿಗೆ ವಾಪಸ್ ಹೋಗಿ ಡ್ರೈವ್-ಥ್ರೂ ಅಂಗಡೀಲಿ ಕೆಲಸ ಮಾಡಿದ್ರು, ಮತ್ತೆ ಎದ್ದು ಬಂದ್ರು. 2023ರಲ್ಲಿ ಆಲ್ಬಮ್ ಬಂದಾಗ ಹೆಚ್ಚಿನವರು ತಿರುಗಿ ನೋಡಲಿಲ್ಲ, ಈ ಹಾಡು ಬಂದ ಮೇಲೆ ಆ ಆಲ್ಬಮ್ಮನ್ನೂ ಹುಡುಕ್ಕೊಂಡು ಹೋಗಿ ಕೇಳಿದ್ರು.

ಹಾಡಿನ ಕಥೆ ಇಷ್ಟು: ಒಬ್ಬ ಹುಡುಗಿ ಇನ್ನೊಬ್ಬ ಹುಡುಗೀನ ಪ್ರೀತಿಸ್ತಾಳೆ, ಆ ಇನ್ನೊಬ್ಬಳು ತನ್ನ ಮನಸ್ಸು ಒಪ್ಕೊಳ್ಳದೆ ಬೇರೆ ದಾರಿ ಹಿಡೀತಾಳೆ. ನಮ್ಮಂಥ ಊರುಗಳಲ್ಲಿ, ಯಾರ ಮನೇಲಿ ಏನು ಅಂತ ಎಲ್ರಿಗೂ ಗೊತ್ತಿರೋ ಕಡೆ, ಹೀಗೆ ಬಚ್ಚಿಟ್ಕೊಂಡು ಬದುಕಿದವರು ಎಷ್ಟು ಜನ ಇರಬಹುದು. ಪಲ್ಲವೀಲಿ ದನಿ ಎದೆಯಿಂದ ನೆತ್ತಿಗೆ ಚಂಗನೆ ಹಾರುತ್ತೆ, 80ರ ದಶಕದ ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್) ಹಿಂದೆ. ಆದ್ರೆ ಹಾಡಿನ ಜೀವ ಇರೋದು ಕೊನೇ ಪಲ್ಲವಿಗೆ ಮುಂಚೆ ಧಾಟಿ ಬದಲಾಗೋ ಭಾಗದಲ್ಲಿ, ಅಂದ್ರೆ ಬ್ರಿಡ್ಜ್‌ನಲ್ಲಿ. ವರ್ಷಗಳು ಕಳೆದಿವೆ, ಅವಳು ಮಧ್ಯರಾತ್ರಿ ಗಂಡನ ಪಕ್ಕ ಎಚ್ಚರ ಆಗಿ ಮಲಗಿದ್ದಾಳೆ, ತಾನು ಬರೀ ಅವನ ಹೆಂಡತಿ ಆಗಿ ಉಳಿದುಬಿಟ್ಟೆ ಅಂತ ಅವತ್ತು ಅವಳಿಗೆ ಹೊಳೆಯುತ್ತೆ. ಅದನ್ನ ಹಾಡ್ತಾ ಹಾಡ್ತಾ ಚಾಪೆಲ್ ದನಿ ಕಿರುಚಾಟದ ಹತ್ರ ಹೋಗುತ್ತೆ, ಅದರಲ್ಲಿ ಸಿಟ್ಟೂ ಇದೆ, ಗೆದ್ದೆ ಅನ್ನೋ ಹಟನೂ ಇದೆ, ಅವಳ ಮೇಲಿನ ಮರುಕನೂ ಇದೆ, ಮೂರೂ ಒಂದೇ ಉಸಿರಲ್ಲಿ. ಈಗಿನ ಎಷ್ಟೋ ಹಾಡುಗಳು ಎರಡೂವರೆ ನಿಮಿಷಕ್ಕೆ ಮುಗೀಬೇಕು ಅಂತ ಬ್ರಿಡ್ಜನ್ನೇ ಕತ್ತರಿಸಿ ಎಸೀತವೆ, ಇವರು ಇಡೀ ಹಾಡನ್ನ ಅದರ ಮೇಲೇ ನಿಲ್ಲಿಸಿದ್ರು. ಕೊನೇಲಿ ಟೇಪ್ ಎಳೆದಂಗೆ ಹಾಡು ನಿಧಾನ ಆಗ್ತಾ ದನಿ ದಪ್ಪ ಆಗುತ್ತೆ, ಅದನ್ನ ಸ್ಕಿಪ್ ಮಾಡ್ಬೇಡಿ.

ಕೆಂಡ್ರಿಕ್ ಲಮಾರ್ ಅವರ ‘ನಾಟ್ ಲೈಕ್ ಅಸ್’ ಯಾಕಿಲ್ಲ ಅಂತ ಕೇಳೋರಿಗೆ: ಮಸ್ಟರ್ಡ್ ಮಾಡಿರೋ ಆ ಬೀಟ್ ಈ ವರ್ಷದ ಬೆಸ್ಟ್ ಬೀಟ್, ಅದರಲ್ಲಿ ಎರಡು ಮಾತಿಲ್ಲ, ಆದ್ರೆ ಒಬ್ಬನ ಮೇಲಿನ ಜಗಳಕ್ಕೆ ಬರೆದ ಹಾಡು ಅದು, ಆ ಜಗಳ ನನ್ನದಲ್ಲ, ನನ್ನ ಬಾಯಲ್ಲಿ ಅದು ನಿಲ್ಲಲ್ಲ. ಚಾರ್ಲಿ ಎಕ್ಸ್‌ಸಿಎಕ್ಸ್ ಅವರ ‘ಬ್ರ್ಯಾಟ್’ ಆಲ್ಬಮ್ ಆಗಿ ನನಗೆ ತುಂಬಾ ಇಷ್ಟ, ಅದನ್ನ ಒಂದೊಂದೇ ಹಾಡಾಗಿ ಕಿತ್ತು ಕೇಳೋಕೆ ಮನಸ್ಸು ಬರಲ್ಲ, ಆಲ್ಬಮ್ ಲಿಸ್ಟಲ್ಲಿ ಅದಕ್ಕೆ ಮೊದಲನೇ ಜಾಗ ಇಟ್ಟಿದ್ದೀನಿ.