ಲ್ವಾರ್ ನದಿ ಹುಟ್ಟುವ ಬೆಟ್ಟಕ್ಕೆ ಸೈಕಲ್ಲಿನಲ್ಲಿ

ಬೆಳಿಗ್ಗೆ ಆರೂವರೆಗೆ ಲಿಯಾನ್‌ನಿಂದ ರೈಲು ಹತ್ತಿದೆವು. ನಾನು ಮತ್ತು ಭಾವ. ಅಕ್ಕ ಮದುವೆಯಾಗಿ ಲಿಯಾನ್ ಸೇರಿ ಹತ್ತು ವರ್ಷ ಆಯಿತು. ಭಾವ ಮೈಸೂರಿನವರು, ಕಾಲೇಜಿನ ದಿನಗಳಲ್ಲಿ ಭಾನುವಾರ ತಪ್ಪದೆ ಚಾಮುಂಡಿ ಬೆಟ್ಟಕ್ಕೆ ಸೈಕಲ್ ತುಳಿದವರು. ಈ ದಾರಿ ಅವರೇ ಆರಿಸಿದ್ದು. ಫ್ರಾನ್ಸ್‌ನಲ್ಲಿ ಸೈಕಲ್ ಅಂದರೆ ಎಲ್ಲರೂ ಆಲ್ಪ್ಸ್ ಕಡೆ ಓಡುತ್ತಾರೆ. ನನಗೂ ಅದೇ ಆಸೆ ಇತ್ತು. "ಅಲ್ಲಿಗೆ ಇನ್ನೊಂದು ಸಲ ಹೋಗೋಣ ಕಣೋ. ಮೊದಲು, ವೆಲೊಸಿಯೊ ಅನ್ನೋ ಹಳೇ ಸೈಕಲ್ ಸವಾರರು ತುಳಿದ ದಾರಿ ನೋಡು," ಅಂದರು ಭಾವ.

ಸುಮಾರು ಮುಕ್ಕಾಲು ಗಂಟೆಗೆ ಸೇಂಟ್ ಎಟಿಯೆನ್ ಬಂತು. ಹಳೇ ಕಲ್ಲಿದ್ದಲು ಗಣಿಗಳ ಊರು. ಬಂದೂಕು, ರಿಬ್ಬನ್, ಸೈಕಲ್ ಮೂರನ್ನೂ ಮಾಡಿದ ಊರು. ಫ್ರಾನ್ಸ್‌ನ ಸೈಕಲ್ ಉದ್ಯಮ ಬೆಳೆದದ್ದೇ ಇಲ್ಲಿ. ಸ್ಟೇಷನ್ ಹೊರಗೆ ಚಕ್ರಕ್ಕೆ ಗಾಳಿ ನೋಡಿಕೊಂಡು, ಎರಡೆರಡು ಬಾಟಲಿ ನೀರು ತುಂಬಿಸಿ ಹೊರಟೆವು. ಊರು ಮುಗಿಯುವ ಮೊದಲೇ ಏರು ಶುರುವಾಯಿತು.

ಅದು ಕೋಲ್ ದ ಲಾ ರಿಪಬ್ಲಿಕ್ ಏರು. ಕೋಲ್ ಅಂದರೆ ಎರಡು ಬೆಟ್ಟಗಳ ನಡುವಿನ ಕಣಿವೆಮಾರ್ಗ, ನಮ್ಮ ಘಾಟಿಯ ನೆತ್ತಿ ಇದ್ದ ಹಾಗೆ. ಎತ್ತರ 1161 ಮೀಟರ್. ಊರಿನಿಂದ ಆರುನೂರು ಮೀಟರಿಗೂ ಜಾಸ್ತಿ ಮೇಲೆ. ಹೆಚ್ಚುಕಡಿಮೆ ಚಾಮುಂಡಿ ಬೆಟ್ಟವನ್ನು ಒಂದರ ಮೇಲೊಂದು ಇಟ್ಟು ಎರಡು ಸಲ ಹತ್ತಿದ ಹಾಗೆ. ಆದರೆ ಏರು ಸೌಮ್ಯ. ಎಲ್ಲೂ ಎದೆಗೆ ಒದೆಯುವುದಿಲ್ಲ. ಮೇಲೆ ಹೋದಂತೆ ಮನೆಗಳು ಕಡಿಮೆಯಾಗಿ ಫರ್ ಮರಗಳ ಕಾಡು ಶುರುವಾಗುತ್ತದೆ. ನೆರಳಿನಲ್ಲಿ ರಸ್ತೆ ತಣ್ಣಗಿತ್ತು, ಗಾಳಿಯಲ್ಲಿ ಮರದ ಅಂಟಿನ ವಾಸನೆ. 1903ರಲ್ಲಿ ಮೊದಲ ಟೂರ್ ದ ಫ್ರಾನ್ಸ್ ಸೈಕಲ್ ಪಂದ್ಯ ಇದೇ ಘಾಟಿ ದಾಟಿತ್ತು. ಮರುವರ್ಷ ಇಲ್ಲೇ ರಾತ್ರಿ ಹೊತ್ತಿನಲ್ಲಿ ಸ್ಥಳೀಯ ಸವಾರನ ಅಭಿಮಾನಿಗಳು ಉಳಿದವರ ಮೇಲೆ ಬಿದ್ದು ಹೊಡೆದಿದ್ದರು. ಈಗ ಅಲ್ಲಿ ಹಕ್ಕಿ ಕೂಗು ಬಿಟ್ಟರೆ ನಮ್ಮ ಚೈನಿನ ಸದ್ದು ಮಾತ್ರ.

ನೆತ್ತಿಯಲ್ಲಿ ವೆಲೊಸಿಯೊ ಅವರ ಕಲ್ಲಿನ ಸ್ಮಾರಕ ಇದೆ. ಭಾವ ನನ್ನನ್ನು ಕರೆತಂದದ್ದು ಇದಕ್ಕೇ. ವೆಲೊಸಿಯೊ ಅನ್ನುವುದು ಬರೆಯಲು ಇಟ್ಟುಕೊಂಡ ಹೆಸರು. ನಿಜವಾದ ಹೆಸರು ಪಾಲ್ ದ ವಿವಿ, ಹುಟ್ಟಿದ್ದು 1853ರಲ್ಲಿ. ರೇಷ್ಮೆ ವ್ಯಾಪಾರ ಚೆನ್ನಾಗಿ ನಡೆಯುತ್ತಿದ್ದಾಗಲೇ ಅದನ್ನು ಬಿಟ್ಟು ಸೇಂಟ್ ಎಟಿಯೆನ್‌ನಲ್ಲಿ ಸೈಕಲ್ ಅಂಗಡಿ ತೆರೆದರು. 1887ರಲ್ಲಿ ಒಂದು ಪತ್ರಿಕೆಯನ್ನೂ ಶುರುಮಾಡಿದರು. ಆಗಿನ ಸೈಕಲ್ಲಿಗೆ ಒಂದೇ ಗೇರ್. ಏರು ಬಂದರೆ ಸೊಂಟ ಮುರಿಯುವ ಹಾಗೆ ತುಳಿಯಬೇಕು, ಇಲ್ಲವೇ ಇಳಿದು ತಳ್ಳಬೇಕು. ಗೇರ್ ಬದಲಾಯಿಸುವ ಹಾಗಿದ್ದರೆ ಸಾಮಾನ್ಯ ಜನವೂ ಬೆಟ್ಟ ಹತ್ತಬಹುದು ಎಂದು ಇವರು ವರ್ಷಗಟ್ಟಲೆ ಬರೆದರು, ತಾವೇ ತುಳಿದು ತೋರಿಸಿದರು. ಟೂರ್ ನಡೆಸುತ್ತಿದ್ದ ಆನ್ರಿ ದೆಗ್ರಾಂಜ್ ಅವರಿಗೆ ಇದು ಹಿಡಿಸಲಿಲ್ಲ. ಗೇರ್ ಏನಿದ್ದರೂ ನಲವತ್ತೈದು ದಾಟಿದವರಿಗೆ ಅನ್ನುವುದು ಅವರ ವಾದ. ಟೂರ್‌ನಲ್ಲಿ ಈಗಿನ ಮಾದರಿಯ ಗೇರಿಗೆ ಅನುಮತಿ ಸಿಕ್ಕಿದ್ದು 1937ರಲ್ಲಿ. ಅಷ್ಟರಲ್ಲಿ ವೆಲೊಸಿಯೊ ಇರಲಿಲ್ಲ. 1930ರಲ್ಲಿ, ಸೈಕಲ್ ತಳ್ಳಿಕೊಂಡು ರಸ್ತೆ ದಾಟುವಾಗ ಟ್ರಾಮ್ ಬಡಿದು ತೀರಿಕೊಂಡಿದ್ದರು.

ನಾನು ನನ್ನ ಹಿಂದಿನ ಚಕ್ರದ ದೊಡ್ಡ ಹಲ್ಲುಚಕ್ರವನ್ನು ಬಗ್ಗಿ ನೋಡಿದೆ. ಮೂವತ್ತೆರಡು ಹಲ್ಲು, ಅಂಗೈ ಅಗಲ. ಈ ಒಂದು ಚಕ್ರ ಇಲ್ಲದಿದ್ದರೆ ಇವತ್ತು ಅರ್ಧ ದಾರಿ ನಡೆದೇ ಬರುತ್ತಿದ್ದೆ. ವೆಲೊಸಿಯೊ ಮಾಂಸ ಬಿಟ್ಟವರು ಎಂದು ಭಾವ ಹೇಳಿದಾಗ ಇನ್ನಷ್ಟು ಹತ್ತಿರದವರು ಅನಿಸಿತು. ಸವಾರರಿಗೆ ಏಳು ನಿಯಮ ಬರೆದಿಟ್ಟಿದ್ದಾರೆ. ಹಸಿವಾಗುವ ಮೊದಲೇ ತಿನ್ನು, ಬಾಯಾರುವ ಮೊದಲೇ ಕುಡಿ ಅನ್ನುವುದು ಅದರಲ್ಲಿ ಒಂದು. ಜಂಭಕ್ಕಾಗಿ ತುಳಿಯಬೇಡ ಅನ್ನುವುದು ಕೊನೆಯದು.

ಅಲ್ಲಿಂದ ಬೂರ್ ಅರ್ಜೆಂತಾಲ್‌ವರೆಗೆ ಬರೀ ಇಳಿಜಾರು. ರಾತ್ರಿ ತಂಗಿದ್ದು ಆನೊನೇಯಲ್ಲಿ. ಮೋಂಗೊಲ್ಫಿಯೆ ಸಹೋದರರು 1783ರ ಜೂನ್ 4ರಂದು ಬಿಸಿಗಾಳಿಯ ಬಲೂನು ಹಾರಿಸಿ ಜನರಿಗೆ ತೋರಿಸಿದ ಊರು ಅದು. ಅವರದು ಕಾಗದ ಮಾಡುವ ಮನೆತನ.

ಮರುದಿನ ಭಾನುವಾರ. ಆರ್ದೆಶ್ ಜಿಲ್ಲೆಯ ಸಣ್ಣ ರಸ್ತೆಗಳಿಗೆ ಇಳಿದೆವು. ನನ್ನ ಮಟ್ಟಿಗೆ ಇಡೀ ಪ್ರವಾಸದ ಸೊಗಸು ಇರುವುದು ಈ ರಸ್ತೆಗಳಲ್ಲಿ. ಎರಡು ಕಾರು ಕಷ್ಟಪಟ್ಟು ದಾಟುವಷ್ಟು ಅಗಲ, ಆದರೆ ಗುಂಡಿ ಇಲ್ಲ. ಹಿಂದೆ ಬಂದ ಕಾರು ಹಾರ್ನ್ ಹೊಡೆಯದೆ ಕಾಯುತ್ತದೆ. ಊರಾಚೆ ಸೈಕಲ್ ದಾಟುವಾಗ ಒಂದೂವರೆ ಮೀಟರ್ ಜಾಗ ಬಿಡಬೇಕು ಅನ್ನುವುದು ಇಲ್ಲಿ ಕಾನೂನು. ರಸ್ತೆ ಬದಿಯಲ್ಲಿ ಹಳದಿ ಟೋಪಿ ಹಾಕಿದ ಬಿಳಿ ಮೈಲಿಗಲ್ಲುಗಳು. ಬೆಟ್ಟದ ಮೈತುಂಬ ಕಲ್ಲು ಜೋಡಿಸಿ ಕಟ್ಟಿದ ಮೆಟ್ಟಿಲು ಮೆಟ್ಟಿಲಿನ ಹೊಲ. ಗಾರೆ ಇಲ್ಲ, ಬರೀ ಕಲ್ಲು. ಅದರ ಮೇಲೆ ಚೆಸ್ಟ್‌ನಟ್ ಮರಗಳು. ಜೂನ್ ಕೊನೆಯಲ್ಲಿ ಅವು ಹೂ ಬಿಡುತ್ತವೆ, ತಿಳಿಹಳದಿ ಎಳೆ ಎಳೆಯಾಗಿ ಜೋತುಬಿದ್ದಿರುತ್ತವೆ. ಗೋಧಿ ಸರಿಯಾಗಿ ಬೆಳೆಯದ ಈ ಬೆಟ್ಟದ ಜನ ಹಿಂದೆ ಚೆಸ್ಟ್‌ನಟ್ ಒಣಗಿಸಿ, ಹಿಟ್ಟು ಮಾಡಿ ಉಂಡು ಬದುಕಿದ್ದರು. ಅದನ್ನು ರೊಟ್ಟಿಯ ಮರ ಎಂದೇ ಕರೆಯುತ್ತಿದ್ದರಂತೆ. ನಮ್ಮಲ್ಲಿ ರಾಗಿ ಇಲ್ವಾ, ಹಾಗೆ.

ಸಾತಿಲಿಯೆ ಅನ್ನುವ ಊರಿನಿಂದ ಲಾಲುವೆವರೆಗಿನ ಏರು ನನಗೆ ಬಹಳ ಹಿಡಿಸಿತು. ಬಾಗು ಬಾಗಾಗಿ ಹತ್ತುತ್ತದೆ, ಒಂದೊಂದು ತಿರುವಿನಲ್ಲೂ ಕೆಳಗಿನ ಕಣಿವೆ ಇನ್ನಷ್ಟು ಚಿಕ್ಕದಾಗುತ್ತದೆ. ಲಾಲುವೆ ಯಾತ್ರಾಸ್ಥಳ, ಸಾವಿರ ಮೀಟರಿಗೂ ಮೇಲಿದೆ. ಊರಿನ ಬೇಲಿಗಳಿಗೆ ಹಳದಿ, ನೇರಳೆ ರಿಬ್ಬನ್ ಕಟ್ಟಿತ್ತು. ಒಂದು ಗೋಡೆಗೆ ಹಳೇ ಸೈಕಲ್ಲಿಗೆ ಇಡಿಯಾಗಿ ಹಳದಿ ಬಣ್ಣ ಬಳಿದು ನೇತುಹಾಕಿದ್ದರು. 1992ರಿಂದ ಪ್ರತಿ ಜೂನ್‌ನಲ್ಲಿ ಸೇಂಟ್ ಫೆಲಿಸಿಯೆನ್‌ನಿಂದ ಆರ್ದೆಶ್ವಾಜ್ ಅನ್ನುವ ದೊಡ್ಡ ಸೈಕಲ್ ಸವಾರಿ ಹೊರಡುತ್ತದೆ. ಸಾವಿರಾರು ಜನ ಬರುತ್ತಾರೆ. ದಾರಿಯ ಊರಿನವರು ತೇರಿಗೆ ಕಾಯುವ ಹಾಗೆ ಬೀದಿ ಸಿಂಗರಿಸಿ ಕಾಯುತ್ತಾರೆ. ಅದು ಮುಗಿದು ಒಂದು ವಾರ ಆಗಿತ್ತು. ಬಾವಿಕಟ್ಟೆಯ ಹತ್ತಿರ ಕೂತಿದ್ದ ಅಜ್ಜ ನಮ್ಮನ್ನು ನೋಡಿ ಚಪ್ಪಾಳೆ ತಟ್ಟಿದರು. ಅಷ್ಟಕ್ಕೇ ನನ್ನ ಕಣ್ಣು ಒದ್ದೆಯಾಯಿತು.

ಕೋಲ್ ದು ಬುಯಿಸೋಂ ದಾಟಿ ಸಂಜೆಗೆ ಲಮಾಸ್ತ್ರ್ ಸೇರಿದೆವು.

ಮೂರನೇ ದಿನ ಕಷ್ಟದ ದಿನ. ಲಮಾಸ್ತ್ರ್ ಇರುವುದು ಕಣಿವೆಯ ತಳದಲ್ಲಿ, ಸೇಂಟ್ ಅಗ್ರೆವ್ ಇರುವುದು ಸಾವಿರದ ಮೇಲೆ. ಇಪ್ಪತ್ತು ಕಿಲೋಮೀಟರಿನ ಆಸುಪಾಸು ಹತ್ತುತ್ತಲೇ ಇರಬೇಕು. ದಾರಿಯ ಊರಿನಲ್ಲಿ ಬ್ರೆಡ್ ಕೊಳ್ಳೋಣ ಅಂದುಕೊಂಡು ಬರೀ ಕಾಫಿ ಕುಡಿದು ಹೊರಟಿದ್ದೆವು. ಸೋಮವಾರ. ಸಣ್ಣ ಊರುಗಳಲ್ಲಿ ಆ ದಿನ ಬೇಕರಿ ಮುಚ್ಚಿರುವುದು ಮಾಮೂಲು, ಅದು ನನ್ನ ತಲೆಗೆ ಹೊಳೆದಿರಲಿಲ್ಲ. ಜೇಬಿನಲ್ಲಿ ನಾಲ್ಕು ಖರ್ಜೂರ. ಅದೂ ಬೇಗ ಖಾಲಿ. ಅರ್ಧ ಏರಿನಲ್ಲಿ ಕೈ ನಡುಗಲು ಶುರುವಾಯಿತು. ಬೆವರು ತಣ್ಣಗಾಯಿತು. ಪೆಡಲ್ ಒತ್ತುತ್ತಿದ್ದೇನೆ, ಕಾಲಿಗೆ ಮಾತು ಕೇಳುತ್ತಿಲ್ಲ. ಭಾವ ಮುಂದಿದ್ದರು.

"ಭಾವ, ಸ್ವಲ್ಪ ನಿಲ್ಲಿ. ಆಗ್ತಿಲ್ಲ."

ಅವರು ತಿರುಗಿ ಬಂದು ನನ್ನ ಮುಖ ನೋಡಿದರು. ಏನೂ ಅನ್ನಲಿಲ್ಲ. ಸೈಕಲ್ ಗೋಡೆಗೆ ಒರಗಿಸಿ, ಪಕ್ಕದ ತೋಟದಲ್ಲಿ ಬೀನ್ಸಿಗೆ ನೀರು ಹಾಕುತ್ತಿದ್ದ ವಯಸ್ಸಾದ ಹೆಂಗಸಿನ ಹತ್ತಿರ ಮಾತಾಡಿದರು. ಆಕೆ ಒಳಗೆ ಹೋಗಿ ನಿನ್ನೆಯ ಬ್ರೆಡ್ ತಂದರು, ಜೊತೆಗೊಂದು ಗಾಜಿನ ಸೀಸೆ. ಒಳಗೆ ಕಂದು ಬಣ್ಣದ ಚೆಸ್ಟ್‌ನಟ್ ಜಾಮ್. ಚಮಚ ನಿಲ್ಲುವಷ್ಟು ಗಟ್ಟಿ. ಬ್ರೆಡ್ಡಿನ ಗಡಸು ಅಂಚು ಹಲ್ಲಿಗೆ ಸಿಕ್ಕುತ್ತಿತ್ತು, ಜಾಮ್ ಬೇಯಿಸಿದ ಗೆಣಸಿನ ಹಾಗೆ ನುಣ್ಣಗೆ, ಸಿಹಿ. ನಾಲ್ಕು ತುಂಡು ತಿಂದೆ. ಆಕೆ ಐದನೆಯದಕ್ಕೂ ಸವರಿ, ಕಾಗದ ಸುತ್ತಿ ನನ್ನ ಜೇಬಿಗೆ ತಾವೇ ತುರುಕಿದರು. ದುಡ್ಡು ಮುಟ್ಟಲಿಲ್ಲ. ಹೊರಡುವಾಗ ಭಾವ ಹೇಳಿದ್ದು ಇಷ್ಟೇ: "ಹಸಿವಾಗೋ ಮೊದಲೇ ತಿನ್ನು ಅಂತ ಅವರು ಸುಮ್ನೆ ಬರೆದಿಲ್ಲ ಕಣೋ."

ಸೇಂಟ್ ಅಗ್ರೆವ್ ದಾಟಿದ ಮೇಲೆ ನೆಲದ ಚಹರೆಯೇ ಬದಲು. ಕಣಿವೆಗಳು ಮುಗಿದು ಬಯಲು, ಹುಲ್ಲುಗಾವಲು, ಹಸುಗಳು, ಗುಡ್ಡದ ತುಂಬ ಹಳದಿ ಹೂವಿನ ಪೊದೆ. ಅಲ್ಲಲ್ಲಿ ಹಳೇ ಜ್ವಾಲಾಮುಖಿಗಳು ಎಬ್ಬಿಸಿದ ಗುಡ್ಡಗಳು ನೆಲದಿಂದ ದಿಢೀರನೆ ಎದ್ದು ನಿಂತಿವೆ. ಫೇ, ಆಮೇಲೆ ಲೆಜೆಸ್ತಾಬ್ಲ್ ಅನ್ನುವ ಊರುಗಳು ಬಂದವು. ಎಡಕ್ಕೆ 1753 ಮೀಟರ್ ಎತ್ತರದ ಮೆಜಾಂಕ್ ಬೆಟ್ಟ. ಇಲ್ಲಿ ರಸ್ತೆಯ ಒಂದು ಬದಿಯಲ್ಲಿ ಬಿದ್ದ ಮಳೆ ರೋನ್ ನದಿ ಸೇರಿ ಮೆಡಿಟರೇನಿಯನ್‌ಗೆ ಹೋಗುತ್ತದೆ. ಇನ್ನೊಂದು ಬದಿಯದು ಲ್ವಾರ್ ಸೇರಿ ಅಟ್ಲಾಂಟಿಕ್‌ಗೆ.

ಸಂಜೆ ಐದಕ್ಕೆ ಜೆರ್ಬಿಯೆ ದ ಜೋಂ ಕಂಡಿತು. ಹುಲ್ಲಿನ ಬಣವೆಯಂಥ ಬೆಟ್ಟ, 1551 ಮೀಟರ್. ಅದರ ಬುಡದಲ್ಲಿ ಲ್ವಾರ್ ಹುಟ್ಟುತ್ತದೆ. ಫ್ರಾನ್ಸ್‌ನ ಅತಿ ಉದ್ದದ ನದಿ, ಸಾವಿರ ಕಿಲೋಮೀಟರಿಗೂ ಹೆಚ್ಚು. ನಾನು ಶ್ರೀರಂಗಪಟ್ಟಣದವನು, ಕಾವೇರಿಯ ನೀರಿನಲ್ಲೇ ಬೆಳೆದವನು. ಕಾವೇರಿ ಪಶ್ಚಿಮದ ಕಡಲಿಗೆ ಅಷ್ಟು ಹತ್ತಿರ ಹುಟ್ಟಿ, ಅದಕ್ಕೆ ಬೆನ್ನು ಹಾಕಿ ಪೂರ್ವಕ್ಕೆ ಸುಮಾರು ಎಂಟುನೂರು ಕಿಲೋಮೀಟರ್ ಹೋಗುತ್ತಾಳೆ. ಈ ನದಿಯೂ ಹಾಗೇ. ಮೆಡಿಟರೇನಿಯನ್ ಹತ್ತಿರವಿದ್ದರೂ ಅದನ್ನು ಬಿಟ್ಟು ಉತ್ತರಕ್ಕೆ, ಆಮೇಲೆ ಪಶ್ಚಿಮಕ್ಕೆ ತಿರುಗಿ ದೂರದ ಕಡಲು ಹುಡುಕುತ್ತದೆ.

ಮೂಲ ಇದೇ ಎನ್ನುವ ಒರತೆಗಳು ಅಲ್ಲಿ ಒಂದಕ್ಕಿಂತ ಹೆಚ್ಚಿವೆ. ನಮಗೆ ಮನಸ್ಸಿಗೆ ಹತ್ತಿದ್ದು ಹಳೇ ಕಲ್ಲಿನ ಮನೆಯೊಳಗೆ ಇರುವುದು. ಒಳಗೆ ಮಬ್ಬು ಬೆಳಕು. ಕಲ್ಲಿನ ತೊಟ್ಟಿಗೆ ಬೆರಳು ಗಾತ್ರದ ನೀರು ಬೀಳುತ್ತಿತ್ತು. ಅಭ್ಯಾಸಬಲದಿಂದ ಕೈ ಒಡ್ಡಿ ತಲೆಗೆ ಪ್ರೋಕ್ಷಿಸಿಕೊಂಡೆ. ಮಂಜಿನಷ್ಟು ತಣ್ಣಗೆ. ಭಾವನೂ ಹಾಗೇ ಮಾಡಿದರು.

ಆ ರಾತ್ರಿ ತಂಗಬೇಕಿದ್ದದ್ದು ಕೆಳಗಿನ ಸೇಂತ್ ಉಲಾಲಿಯಲ್ಲಿ. ಇಳಿಜಾರು, ಒಂಬತ್ತು ದಾಟಿದರೂ ಆರದ ಜೂನ್ ತಿಂಗಳ ಬೆಳಕು. ಹುಲ್ಲಿನ ನಡುವೆ ಅದೇ ನೀರು ರಸ್ತೆ ಪಕ್ಕ ಒಮ್ಮೆ ಕಾಣುತ್ತ, ಒಮ್ಮೆ ಮರೆಯಾಗುತ್ತ ನಮ್ಮ ಜೊತೆಗೇ ಇಳಿಯಿತು. ಒಂದು ಕಡೆ ಭಾವ ಸೈಕಲ್ ನಿಲ್ಲಿಸಿ, ಶೂ ಕೂಡ ಬಿಚ್ಚದೆ, ಲ್ವಾರ್ ನದಿಯನ್ನು ಒಂದೇ ಹೆಜ್ಜೆಗೆ ದಾಟಿ ಆಚೆ ದಡದಲ್ಲಿ ನಿಂತು ನನ್ನನ್ನು ಕರೆದರು.